ಇಲಿಗೆ ಪಾಷಾಣ ಇಡಬೇಡಿ, ಆಮೆಗೆ ರಾತ್ರಿ ಮಲಗುವ ಕೋಣೆ ಕಟ್ಟಿ

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಜಮಖಂಡಿ ಹತ್ತಿರ ತೋಟದ ಮನೆ, ಹಿತ್ತಲಲ್ಲಿ ಎರಡು ಮರಿ ಸಲ್ಕಾಟಾ ಆಮೆ, ಸುತ್ತ ಕೋಳಿ ಜಾಳಿಗೆ. ಈಚೆಗೆ ಗೂಡಿನಲ್ಲಿ ಇಲಿ ಹಿಕ್ಕೆ ಕಾಣುತ್ತಿದೆ, ಮೊನ್ನೆ ಬೆಳಿಗ್ಗೆ ಒಂದರ ಮುಂಗಾಲಲ್ಲಿ ರಕ್ತ ಇತ್ತು. ಆಮೆಗೆ ತೊಂದರೆ ಮಾಡದ ಇಲಿ ಪಾಷಾಣ ಯಾವುದು ಅಂತ ಕೇಳಿದ್ದೀರಿ. ನಾನು ಬಾಗಲಕೋಟೆ ನವನಗರದಲ್ಲಿ ಇದೇ ಜಾತಿಯ ಆಮೆ ಸಾಕಿದ್ದೇನೆ, ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಪಾಷಾಣದ ಮಾತು ಆಮೇಲೆ. ಮೊದಲು ಕಾಲಿನ ಗಾಯ. ಆ ಆಮೆಯನ್ನು ಈಗಲೇ ಮನೆಯೊಳಗೆ ತನ್ನಿ. ದೊಡ್ಡ ಟಬ್ಬಿನಲ್ಲಿ ನ್ಯೂಸ್‌ಪೇಪರ್ ಹಾಸಿ ಬಿಡಿ, ಮಣ್ಣಾಗಲಿ ತೆಂಗಿನ ನಾರಿನ ಪುಡಿಯಾಗಲಿ ಹಾಕಬೇಡಿ, ಗಾಯಕ್ಕೆ ಅಂಟಿಕೊಳ್ಳುತ್ತದೆ. ಮೆಡಿಕಲ್ ಶಾಪಿನಿಂದ ಸಲೈನ್ ಬಾಟಲಿ ತಂದು ಗಾಯ ತೊಳೆಯಿರಿ. ಪೊವಿಡೋನ್ ಅಯೋಡಿನ್ ದ್ರಾವಣವನ್ನು ತೆಳು ಚಹಾದ ಬಣ್ಣ ಬರುವಷ್ಟು ನೀರಿಗೆ ಬೆರೆಸಿ ಹತ್ತಿಯಿಂದ ಒರೆಸಿ. ಅರಿಶಿನ ತುಂಬಬೇಡಿ, ಎಣ್ಣೆ ಹಚ್ಚಬೇಡಿ, ಡಾಕ್ಟರ್‌ಗೆ ಗಾಯ ಎಷ್ಟು ಆಳ ಇದೆ ಅಂತ ಕಾಣಬೇಕಲ್ವಾ. ನೊಣ ಕೂರದಂತೆ ನೋಡಿಕೊಳ್ಳುವುದು ಬಹಳ ಮುಖ್ಯ. ನೊಣ ಮೊಟ್ಟೆ ಇಟ್ಟರೆ ಒಂದೆರಡು ದಿನದಲ್ಲೇ ಹುಳ ಬೀಳುತ್ತದೆ.

ಆಮೇಲೆ ತಡ ಮಾಡದೆ ಪಶುವೈದ್ಯರ ಹತ್ತಿರ ಹೋಗಿ. ಇಲಿ ಕಚ್ಚಿದ ಗಾಯ ಮೇಲೆ ಸಣ್ಣದಾಗಿ ಕಂಡರೂ ಒಳಗೆ ಸೋಂಕು ಉಳಿಯುತ್ತದೆ. ಆಮೆಯ ಕೀವು ನಮ್ಮ ಕೀವಿನ ಹಾಗೆ ಹರಿದು ಹೊರಗೆ ಬರುವುದಿಲ್ಲ, ಒಳಗೇ ಗಟ್ಟಿಯಾಗಿ ಗಡ್ಡೆ ಕಟ್ಟುತ್ತದೆ, ಕೊನೆಗೆ ಕೊಯ್ದೇ ತೆಗೆಯಬೇಕಾಗುತ್ತದೆ. ಇಲ್ಲಿ ಒಂದು ಮಾತು ದಯವಿಟ್ಟು ನೆನಪಿಡಿ. ನಮ್ಮ ಕಡೆ ಡಾಕ್ಟರ್‌ಗಳು ಹೆಚ್ಚಾಗಿ ನೋಡುವುದು ದನ, ಎಮ್ಮೆ, ಕುರಿ. ಅವುಗಳಿಗೆ ಹುಳ, ಉಣ್ಣೆ ಏನೇ ಬಂದರೂ ಐವರ್ಮೆಕ್ಟಿನ್ ಸಾಮಾನ್ಯ ಔಷಧಿ. ಆಮೆಗೆ ಅದು ವಿಷ. ಕೈಕಾಲು ಸ್ವಾಧೀನ ತಪ್ಪಿ ಸತ್ತೇ ಹೋಗಬಹುದು. ಡಾಕ್ಟರ್ ಎಷ್ಟೇ ಒಳ್ಳೆಯವರಿರಲಿ, ದಿನಾ ಆಮೆ ನೋಡದವರಿಗೆ ಇದು ಆ ಕ್ಷಣಕ್ಕೆ ಹೊಳೆಯದೇ ಇರಬಹುದು, ಹಾಗಾಗಿ ನೀವೇ ಬಾಯಿ ಬಿಟ್ಟು ಹೇಳಿ. ಊರಲ್ಲಿ ಆಗುವುದಿಲ್ಲ ಅಂದರೆ ಅಥಣಿ ಅಥವಾ ಗದಗದ ಪಶುವೈದ್ಯಕೀಯ ಕಾಲೇಜಿಗೆ ಫೋನ್ ಮಾಡಿ ವಿಚಾರಿಸಿ.

ಅಷ್ಟು ಗಟ್ಟಿ ಚಿಪ್ಪು ಇರುವಾಗ ಇಲಿ ಹೇಗೆ ಕಚ್ಚುತ್ತದೆ ಅಂತ ತುಂಬಾ ಜನ ಕೇಳುತ್ತಾರೆ. ಸಲ್ಕಾಟಾ ತನ್ನ ಚಿಪ್ಪನ್ನು ಪೂರ್ತಿ ಮುಚ್ಚಿಕೊಳ್ಳಲಾರದು. ಹೆದರಿದಾಗ ತಲೆ ಒಳಗೆ ಎಳೆದುಕೊಂಡು ಎರಡೂ ಮುಂಗಾಲನ್ನು ಬಾಗಿಲಿಗೆ ಅಡ್ಡ ಹಿಡಿಯುತ್ತದೆ. ಹಾಗಾಗಿ ಹಲ್ಲು ಮೊದಲು ತಾಗುವುದು ಮುಂಗಾಲಿನ ಹುರುಪೆಗೆ, ಉಗುರಿನ ಬುಡಕ್ಕೆ, ಹಿಂದಿನಿಂದ ಬಂದರೆ ಬಾಲಕ್ಕೆ. ನಮ್ಮ ಬೀದಿಯಲ್ಲೇ ಒಬ್ಬರ ಆಮೆಗೆ ಚಿಪ್ಪಿನ ಹಿಂದಿನ ಅಂಚಿನಲ್ಲಿ ಬಿಳಿ ಗೀರುಗಳು ಬಿದ್ದಿದ್ದವು. ಗೋಡೆಗೆ ಉಜ್ಜಿಕೊಂಡಿದೆ ಅಂತ ಮನೆಯವರು ಸುಮ್ಮನಿದ್ದರು. ಹತ್ತಿರದಿಂದ ನೋಡಿದರೆ ಗೀರೆಲ್ಲ ಜೋಡಿ ಜೋಡಿ, ಒಂದರ ಪಕ್ಕ ಒಂದು, ಒಂದೇ ಅಂತರದಲ್ಲಿ. ಅದು ಇಲಿಯ ಮುಂದಿನ ಎರಡು ಹಲ್ಲಿನ ಗುರುತು. ಬಾಲದ ತುದಿಯೂ ಹೋಗಿತ್ತು. ನಿಮ್ಮ ಎರಡನೇ ಆಮೆಯನ್ನೂ ಬೆಳಕಿನಲ್ಲಿ ತಿರುಗಿಸಿ ತಿರುಗಿಸಿ ನೋಡಿ. ಚಿಪ್ಪಿನ ಮೇಲ್ಪದರದ ಕೆಳಗೇ ಜೀವಂತ ಮೂಳೆ ಇರುತ್ತದೆ, ಅಲ್ಲಿವರೆಗೆ ಕೆರೆದರೆ ನೋವೂ ಆಗುತ್ತದೆ, ರಕ್ತವೂ ಬರುತ್ತದೆ.

ಇನ್ನೊಂದು ಕಾರಣ ಚಳಿ. ಆಮೆ ತನ್ನ ಮೈಯನ್ನು ತಾನೇ ಬಿಸಿ ಇಟ್ಟುಕೊಳ್ಳಲಾರದು. ಸಲ್ಕಾಟಾ ಮೂಲದಲ್ಲಿ ಆಫ್ರಿಕಾದ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನದು, ಚಳಿಗಾಲದ ದೀರ್ಘ ನಿದ್ದೆ ಇದಕ್ಕೆ ಗೊತ್ತಿಲ್ಲ. ನಮ್ಮಲ್ಲಿ ಡಿಸೆಂಬರ್, ಜನವರಿ ರಾತ್ರಿ 15 ಡಿಗ್ರಿಗಿಂತ ಕೆಳಗೆ ಹೋದಾಗ ಅದಕ್ಕೆ ಎಚ್ಚರ ಇದ್ದರೂ ಕಾಲು ಎಳೆದುಕೊಳ್ಳುವಷ್ಟು ಚುರುಕು ಇರುವುದಿಲ್ಲ. ಇಲಿ ಬಂದು ಕಡಿಯುತ್ತಿದ್ದರೂ ಅಲ್ಲೇ ಕೂತಿರುತ್ತದೆ. ನೆನೆಸಿಕೊಂಡರೇ ಸಂಕಟ ಆಗುತ್ತದೆ. ನಿಮ್ಮ ಊರಿನಲ್ಲಿ ಕಬ್ಬು ಕಡಿಯುವುದೂ ಹೆಚ್ಚುಕಡಿಮೆ ಇದೇ ತಿಂಗಳುಗಳಲ್ಲಿ. ಜಮಖಂಡಿ, ಮುಧೋಳದಲ್ಲಿ ನವೆಂಬರ್‌ನಿಂದ ಫ್ಯಾಕ್ಟರಿ ಶುರುವಾಗಿ ಗದ್ದೆ ಖಾಲಿಯಾಗುತ್ತಾ ಬಂದ ಹಾಗೆ ಅಲ್ಲಿ ಬಿಲ ಮಾಡಿಕೊಂಡಿದ್ದ ಇಲಿ, ಹೆಗ್ಗಣ ಎಲ್ಲ ಪಕ್ಕದ ಮನೆ, ಕೊಟ್ಟಿಗೆ, ಕಣಕಿ ಬಣವೆ ಹುಡುಕಿಕೊಂಡು ಬರುತ್ತವೆ. ಇಲಿ ಜಾಸ್ತಿ ಇರುವ ಕಾಲ, ಆಮೆ ಮಂಕಾಗಿರುವ ಕಾಲ ಎರಡೂ ಒಂದೇ ಆಗಿಬಿಡುತ್ತದೆ. ಸುತ್ತಲಿನ ಹೊಲದ ಇಲಿಯನ್ನೆಲ್ಲ ಕೊಂದು ಮುಗಿಸುತ್ತೇನೆ ಅನ್ನುವುದು ಆಗದ ಮಾತು. ಒಂದು ಇಲಿ ಮೂರೇ ವಾರ ಗಬ್ಬ ಇದ್ದು ಆರೆಂಟು ಮರಿ ಹಾಕುತ್ತದೆ.

ಈಗ ಪಾಷಾಣ. ಆಮೆಗೆ ಅಪಾಯ ಇಲ್ಲದ ಪಾಷಾಣ ಅಂತ ಯಾವುದೂ ಇಲ್ಲ. ನೀವು ಗೂಡಿನ ಹೊರಗೆ ಇಟ್ಟರೂ ಇಲಿ ಅದನ್ನು ಬಾಯಲ್ಲಿ ಕಚ್ಚಿಕೊಂಡು ಹೋಗಿ ತನಗೆ ಬೇಕಾದ ಮೂಲೆಯಲ್ಲಿ ಕೂಡಿಡುತ್ತದೆ, ಆ ಮೂಲೆ ಆಮೆಯ ಹುಲ್ಲಿನ ಕೆಳಗೂ ಇರಬಹುದು. ಆಮೆಗೆ ಬಣ್ಣದ ವಸ್ತು ಕಂಡರೆ ಬಾಯಿ ಹಾಕಿ ನೋಡುವ ಚಾಳಿ ಇದೆ. ಅಂಗಡಿಯಲ್ಲಿ ಸಿಗುವ ಬ್ರೋಮಾಡಿಯೊಲೋನ್ ಕೇಕು ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೊಲ್ಲುತ್ತದೆ, ಅದಕ್ಕೆ ಹಲವು ದಿನ ಬೇಕು. ಅಷ್ಟರಲ್ಲಿ ತೂರಾಡುವ ಇಲಿಯನ್ನು ಗೂಬೆಯೋ, ನಿಮ್ಮ ನಾಯಿಯೋ ತಿಂದರೆ ಅವುಗಳಿಗೂ ವಿಷ ಏರಬಹುದು. ಹಿಟ್ಟಿಗೆ ಕಲಸುವ ಜಿಂಕ್ ಫಾಸ್ಫೈಡ್ ಇನ್ನೂ ಕೆಟ್ಟದ್ದು. ಬಿಲಕ್ಕೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನಂತೂ ಮನೆ ಹತ್ತಿರ ತರಲೇಬೇಡಿ, ಅದರ ಗ್ಯಾಸ್ ಮನುಷ್ಯರನ್ನೇ ಕೊಲ್ಲುತ್ತದೆ. ಅಂಟಿನ ಹಲಗೆಯೂ ಬೇಡ. ಅದರಲ್ಲಿ ಹಲ್ಲಿ, ಓತಿಕ್ಯಾತ, ಹಾವಿನ ಮರಿ ಎಲ್ಲವೂ ಸಿಕ್ಕಿ ನರಳಿ ಸಾಯುತ್ತವೆ.

ಹಾಗಾದರೆ ಏನು ಮಾಡುವುದು? ಇಲಿ ಓಡಾಡುವುದು ಹೆಚ್ಚಾಗಿ ಕತ್ತಲಲ್ಲಿ. ಇಡೀ ಹಿತ್ತಲಿಗೆ ಜಾಳಿಗೆ ಹೊದಿಸಿ ದುಡ್ಡು ಸುರಿಯುವ ಅಗತ್ಯ ಇಲ್ಲ. ಹಗಲು ಆಮೆ ಈಗಿರುವ ಜಾಗದಲ್ಲೇ ಮೇಯಲಿ. ಹೊತ್ತು ಮುಳುಗುವ ಮುಂಚೆ ಒಳಗೆ ಹಾಕಿ ಬಾಗಿಲು ಹಾಕುವಂಥ ಒಂದು ಸಣ್ಣ ಕೋಣೆ ಕಟ್ಟಿ, ಅದನ್ನು ಮಾತ್ರ ಒಂದು ಚಿಟ್ಟಿಲಿಯೂ ನುಗ್ಗದಷ್ಟು ಭದ್ರ ಮಾಡಿ. ನಿಮ್ಮ ಆಮೆಗಳನ್ನು ಉಳಿಸುವುದು ಇದೇ, ಉಳಿದದ್ದೆಲ್ಲ ಇದಕ್ಕೆ ಸಹಾಯ ಅಷ್ಟೆ.

ಕೋಣೆ ಹೇಗಿರಬೇಕು ಅಂದರೆ, ತಳಕ್ಕೆ ಶಹಾಬಾದ್ ಪರಸಿ (ಹಾಸುಗಲ್ಲು) ಹಾಸಿ ಸಂದಿಗೆ ಸಿಮೆಂಟ್ ತುಂಬಿಸಿ. ನಮ್ಮ ಕಡೆ ಪರಸಿ ಎಲ್ಲಾ ಊರಲ್ಲೂ ಸಿಗುತ್ತದೆ, ಹಳೇದು ಇದ್ದರೂ ನಡೆಯುತ್ತದೆ. ಹೆಗ್ಗಣ ಕೆಳಗಿನಿಂದ ಬಿಲ ಕೊರೆದುಕೊಂಡು ಬರುವ ಪ್ರಾಣಿ, ಬರೀ ಮಣ್ಣಿನ ತಳ ಇದ್ದರೆ ಗೋಡೆ ಎಷ್ಟು ಎತ್ತರ ಇದ್ದರೂ ಪ್ರಯೋಜನ ಇಲ್ಲ. ಪರಸಿ ಮೇಲೆ ಎಂಟು ಹತ್ತು ಇಂಚು ಮಣ್ಣು ಹಾಕಿ, ಯಾಕೆಂದರೆ ಸಲ್ಕಾಟಾಗೆ ನೆಲ ಕೆರೆಯದಿದ್ದರೆ ಸಮಾಧಾನ ಇಲ್ಲ. ಗೋಡೆ ಇಟ್ಟಿಗೆಯದ್ದಾಗಲಿ, ಒಳಗೆ ಹೊರಗೆ ಗಿಲಾವು ಮಾಡಿಸಿ. ಪ್ಲೈವುಡ್ ಬೇಡ. ಇಲಿಯ ಹಲ್ಲು ಬೆಳೆಯುತ್ತಲೇ ಇರುತ್ತದೆ, ಮರ, ಪ್ಲಾಸ್ಟಿಕ್ ಸಿಕ್ಕರೆ ಕಡಿದೇ ಕಡಿಯುತ್ತದೆ. ಇನ್ನು ಈ ಆಮೆಗಳು ದೊಡ್ಡವಾದರೆ 40, 50 ಕೆ.ಜಿ. ತೂಗುತ್ತವೆ, ಪ್ಲೈವುಡ್ಡನ್ನು ತಳ್ಳಿಯೇ ಮುರಿಯುತ್ತವೆ. ಈಗಲೇ ಜಾಗ ದೊಡ್ಡದಾಗಿ ಯೋಚಿಸಿ.

ಮೇಲೆ ಕಬ್ಬಿಣದ ಆ್ಯಂಗಲ್ ಫ್ರೇಮಿಗೆ ಗ್ಯಾಲ್ವನೈಸ್ಡ್ ವೆಲ್ಡೆಡ್ ಮೆಶ್ ಹಾಕಿಸಿ ಮುಚ್ಚಳ ಮಾಡಿ. ಕಣ್ಣು 6 ಮಿ.ಮೀ. ಇರಬೇಕು, ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಲು ಇಂಚಿನದು ಅಂತ ಕೇಳಿ. ಈಗ ನೀವು ಹಾಕಿರುವ ಆರು ಮೂಲೆಯ ಕೋಳಿ ಜಾಳಿಗೆ ಕೋಳಿ ಹೊರಗೆ ಹೋಗದಿರಲಿ ಅಂತ ಮಾಡಿದ್ದು, ಇಲಿ ಒಳಗೆ ಬರದಿರಲಿ ಅಂತ ಅಲ್ಲ. ಕಟ್ಟಿ ಮುಗಿದ ಮೇಲೆ ಒಂದು ಪೆನ್ಸಿಲ್ ಹಿಡಿದುಕೊಂಡು ಕೂತು ಬಾಗಿಲಿನ ಕೆಳಗೆ, ಕೀಲಿನ ಪಕ್ಕ, ಮುಚ್ಚಳದ ಅಂಚು, ನೀರು ಹೋಗುವ ಪೈಪು, ಎಲ್ಲಾ ಕಡೆ ಚುಚ್ಚಿ ನೋಡಿ. ಪೆನ್ಸಿಲ್ ದಾಟುವ ಸಂದಿಯಲ್ಲಿ ಚಿಟ್ಟಿಲಿಯೂ ದಾಟುತ್ತದೆ. ಬಾಗಿಲಿನ ಕೆಳಗಿನ ಅಂಚಿಗೆ ತಗಡಿನ ಪಟ್ಟಿ ಬಡಿಸಿ.

ಆದರೆ ಇದು ಬಿಸಿಲ ನಾಡು, ಅದನ್ನು ಮರೆಯಬಾರದು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವಾಗ ತಗಡಿನ ಪೆಟ್ಟಿಗೆಯೊಳಗೆ ಆಮೆ ಇಟ್ಟರೆ ಬೆಂದೇ ಹೋಗುತ್ತದೆ. ಕೋಣೆ ಬೇವಿನ ಮರದ ಕೆಳಗೋ ಗೋಡೆಯ ನೆರಳಲ್ಲೋ ಇರಲಿ, ಎದುರು ಬದುರು ಎರಡು ಕಿಂಡಿಗೆ ಅದೇ ಮೆಶ್ ಹಾಕಿ ಗಾಳಿ ಆಡಲು ಬಿಡಿ, ಬೆಳಿಗ್ಗೆ ಬೇಗ ಬಾಗಿಲು ತೆಗೆಯಿರಿ. ಮರದ ಕೊಂಬೆ ಮಾತ್ರ ಮುಚ್ಚಳಕ್ಕೆ ತಾಗದಂತೆ ಕಡಿಸಿ. ಚಳಿಗಾಲಕ್ಕೆ ಸೆರಾಮಿಕ್ ಹೀಟರ್ ಹಾಕಿದರೆ ಶಾಖ ಹೆಚ್ಚಾದರೆ ತಾನೇ ಆರಿಸುವ ಥರ್ಮೋಸ್ಟಾಟ್ ಜೊತೆಗೇ ಹಾಕಿ, ಅದರ ವೈರನ್ನು ಪ್ಲಾಸ್ಟಿಕ್ ಪೈಪಿನಲ್ಲಿ ತರಬೇಡಿ, ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪಿನಲ್ಲಿ ತನ್ನಿ. ಇಲಿ ವೈರ್ ಕಡಿದು ಬೆಂಕಿ ಹತ್ತಿದರೆ ಒಳಗೆ ಕೂಡಿಟ್ಟ ಆಮೆಗೆ ಓಡಲು ದಾರಿಯೇ ಇರುವುದಿಲ್ಲ.

ಊಟದ ವಿಷಯ. ನೀವು ಸೌತೆಕಾಯಿ, ಗಜ್ಜರಿ, ಉಳಿದ ರೊಟ್ಟಿ ಹಾಕುತ್ತೇನೆ ಅಂದಿದ್ದೀರಿ. ರೊಟ್ಟಿ ಇಂದಿನಿಂದಲೇ ನಿಲ್ಲಿಸಿ. ಇದು ಹುಲ್ಲು ಮೇಯುವ ಆಮೆ. ಕರಿಕೆ, ಒಣ ಹುಲ್ಲು, ದಾಸವಾಳದ ಎಲೆ ಹೂವು, ಹಿಪ್ಪುನೇರಳೆ ಎಲೆ, ಮುಳ್ಳು ತೆಗೆದ ಪಾಪಾಸುಕಳ್ಳಿ, ಇಷ್ಟು ಸಾಕು, ಅದರ ಆರೋಗ್ಯಕ್ಕೂ ಇದೇ ಒಳ್ಳೆಯದು. ಜೋಳದ ರೊಟ್ಟಿ ಚೂರು ಬಿದ್ದಿದ್ದರೆ ಇಲಿಗೆ ದಿನಾ ಔತಣ, ಬರೀ ಹುಲ್ಲಿಗೆ ಅದು ಅಷ್ಟು ದೂರ ಬರುವುದು ಕಡಿಮೆ. ಬೆಳಿಗ್ಗೆ ಹಾಕಿ, ಸಂಜೆಗೆ ಉಳಿದದ್ದನ್ನು ತೆಗೆಯಿರಿ. ನೀರಿನ ತಟ್ಟೆಯನ್ನೂ ರಾತ್ರಿ ಹೊರಗೆ ಬಿಡಬೇಡಿ. ಕೋಳಿ ಕಾಳು, ನಾಯಿ ತಿಂಡಿ ಡಬ್ಬಿಯಲ್ಲಿರಲಿ, ಮುಚ್ಚಳ ತಗಡಿನದು. ಕಣಕಿ ಬಣವೆ, ಕುಳ್ಳಿನ ರಾಶಿ ಗೂಡಿನ ಪಕ್ಕದಲ್ಲಿದ್ದರೆ ದೂರ ಸರಿಸಿ.

ಹಿಕ್ಕೆ ಬಳಿಯುವಾಗ ಒಣಗಿದ್ದನ್ನು ಹಾಗೇ ಗುಡಿಸಬೇಡಿ. ಬ್ಲೀಚಿಂಗ್ ಪೌಡರ್ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ. ಕೈಗೆ ಗ್ಲೌಸ್, ಕಾಲಿಗೆ ಚಪ್ಪಲಿ ಇರಲಿ. ಇಲಿ ಮೂತ್ರ ಬಿದ್ದ ನೀರು ಒಡೆದ ಹಿಮ್ಮಡಿಗೆ ತಾಗಿದರೂ ಇಲಿ ಜ್ವರ ಬರಬಹುದು.

ಬೋನು ಇಡುವುದಾದರೆ ಗೂಡಿನ ಹೊರಗೆ ಗೋಡೆಗೆ ಒತ್ತಿ ಇಡಿ, ಇಲಿ ಗೋಡೆ ಹಿಡಿದೇ ಓಡುತ್ತದೆ. ದೊಡ್ಡ ಇಲಿಗೆ ಹೊಸ ವಸ್ತು ಕಂಡರೆ ಅನುಮಾನ. ಮೊದಲ ಮೂರು ನಾಲ್ಕು ದಿನ ಬಾಗಿಲು ಬೀಳದಂತೆ ಕಟ್ಟಿ, ಹುರಿದ ಶೇಂಗಾ ಇಟ್ಟು ಸುಮ್ನೆ ತಿನ್ನಲು ಬಿಡಿ, ಆಮೇಲೆ ಬೋನು ಹೂಡಿ. ಬೆಳಿಗ್ಗೆ ಬಿಸಿಲೇರುವ ಮುಂಚೆ ನೋಡಿ. ಬಿಲ ಇದ್ದರೆ ಸಂಜೆ ಬಾಯಿಗೆ ಕಾಗದ ತುರುಕಿ, ಬೆಳಿಗ್ಗೆ ಅದು ಹೊರಗೆ ಬಿದ್ದಿದ್ದರೆ ಒಳಗೆ ಹೆಗ್ಗಣ ಇದೆ ಅಂತ. ಬಿಲ ಖಾಲಿ ಅಂತ ಖಾತ್ರಿಯಾದ ಮೇಲೆ ಕಲ್ಲು, ಸಿಮೆಂಟ್ ಹಾಕಿ ಮುಚ್ಚಿ, ಕೆಲವರು ಮಾಡುವ ಹಾಗೆ ಒಡೆದ ಗಾಜು ತುಂಬಬೇಡಿ, ನಾಳೆ ನಿಮ್ಮ ಆಮೆಯೇ ಅಲ್ಲಿ ಕೆರೆಯುತ್ತದೆ. ಬೆಕ್ಕು ತರಲಾ ಅಂತ ಕೇಳಿದ್ದೀರಿ. ಬಲಿತ ಹೆಗ್ಗಣದ ತಂಟೆಗೆ ತುಂಬಾ ಬೆಕ್ಕುಗಳು ಹೋಗುವುದಿಲ್ಲ. ತೋಟದಲ್ಲಿ ಕೇರೆ ಹಾವು ಕಂಡರೆ ಮಾತ್ರ ಹೊಡೆಯಬೇಡಿ, ಅದಕ್ಕೆ ವಿಷ ಇಲ್ಲ, ಇಲಿ ಹಿಡಿಯುವುದೇ ಅದರ ಕೆಲಸ.

ಕೊನೆಗೆ, ಗೆಳೆಯರು ಕೊಡುತ್ತೇನೆ ಅಂದ ನಕ್ಷತ್ರ ಆಮೆಯನ್ನು ಇವುಗಳ ಜೊತೆ ಬಿಡಬಹುದಾ ಅಂತಲೂ ಕೇಳಿದ್ದೀರಿ. ಬೇಡವೇ ಬೇಡ. ಅದು ನಮ್ಮ ದೇಶದ ಕಾಡಿನ ಪ್ರಾಣಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ ಮೊದಲನೇ ಪಟ್ಟಿಯಲ್ಲಿದೆ, ಮನೆಯಲ್ಲಿ ಇಟ್ಟುಕೊಂಡರೆ 3ರಿಂದ 7 ವರ್ಷದವರೆಗೆ ಜೈಲು. ಗೆಳೆಯರಿಗೂ ಹೇಳಿ, ಅರಣ್ಯ ಇಲಾಖೆಗೆ ಒಪ್ಪಿಸಲಿ. ಸಲ್ಕಾಟಾ ವಿದೇಶಿ ಜಾತಿ, ಸಾಕಬಹುದು, ಆದರೆ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಮಾಡಿಸಿದ್ದರೆ ಅದರ ಒಂದು ಪ್ರತಿ ಡಾಕ್ಟರ್ ಹತ್ತಿರ ಹೋಗುವಾಗ ಜೊತೆಗಿರಲಿ. ಹಿಕ್ಕೆಯ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆದು ಇಲ್ಲೇ ಹಾಕಿ, ಅಳತೆ ನೋಡಿ ಚಿಟ್ಟಿಲಿಯೋ ಹೆಗ್ಗಣವೋ ಹೇಳುತ್ತೇನೆ, ಬೋನಿನ ಸೈಜು ಅದರ ಮೇಲೆ ತೀರ್ಮಾನ ಮಾಡೋಣ.