ಮನೆ ಕಂಪ್ಯೂಟರ್‌ನಲ್ಲಿ ಹಾಡು ಕೇಳೋಕೆ 5 ಸಾವಿರದೊಳಗೆ ಯಾವ ಸ್ಪೀಕರ್ ತಗೊಳ್ಳಲಿ?

ನೀವು ಕೇಳಿದ್ದು ಇಷ್ಟು: ಸೋಮವಾರಪೇಟೆ ಹತ್ತಿರ ಹೆಂಚಿನ ಮನೆ. ಮೇಜಿನ ಮೇಲೆ ಒಂದು ಡೆಸ್ಕ್‌ಟಾಪ್. ಸಂಜೆ ಕೆಲಸ ಮುಗಿದ ಮೇಲೆ ಹಳೇ ಚಿತ್ರಗೀತೆ, ಭಾವಗೀತೆ, ಒಂದಿಷ್ಟು ಕರ್ನಾಟಕ ಸಂಗೀತ ಕೇಳಬೇಕು. ಕೈಯಲ್ಲಿರುವುದು 5 ಸಾವಿರ. ಅಂಗಡಿಯವರು 2.1 ಸೆಟ್ (ಎರಡು ಪುಟ್ಟ ಸ್ಪೀಕರ್, ಜೊತೆಗೆ ಬೇಸ್‌ಗೆಂದೇ ಒಂದು ಸಬ್‌ವೂಫರ್ ಪೆಟ್ಟಿಗೆ) ತೋರಿಸುತ್ತಿದ್ದಾರೆ, ನಿಮ್ಮ ತಮ್ಮ ಸೌಂಡ್‌ಬಾರ್ (ಒಂದೇ ಉದ್ದನೆಯ ಸ್ಪೀಕರ್) ತಗೋ ಅನ್ನುತ್ತಿದ್ದಾನೆ. ಯಾವುದು ಸರಿ?

ಎರಡೂ ಬೇಡ. ಎಡಕ್ಕೊಂದು ಬಲಕ್ಕೊಂದು, ಎರಡೇ ಪೆಟ್ಟಿಗೆ ಇರುವ 2.0 ಜೋಡಿ ತಗೊಳ್ಳಿ. ನಾನು ಮಡಿಕೇರಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಕಂಪ್ಯೂಟರ್ ಜೊತೆ ಸ್ಪೀಕರ್‌ಗಳೂ ನನ್ನ ಮೇಜಿಗೆ ಬರುತ್ತವೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಮೊದಲು ಆ ವ್ಯಾಟ್ ಲೆಕ್ಕ ತಲೆಯಿಂದ ತೆಗೆದುಬಿಡಿ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಸಾವಿರಗಟ್ಟಲೆ ವ್ಯಾಟ್ ಬರೆದು ಪಕ್ಕದಲ್ಲಿ ಪಿಎಂಪಿಒ ಅಂತ ಇದ್ದರೆ ಅದನ್ನು ಓದಲೇಬೇಡಿ. ಅದು ಕಣ್ಣು ಮಿಟುಕಿಸುವಷ್ಟು ಹೊತ್ತೂ ನಿಲ್ಲದ ಶಕ್ತಿಯ ಲೆಕ್ಕ, ಅದಕ್ಕೆ ಒಂದು ಸರಿಯಾದ ಅಳತೆಯ ಪದ್ಧತಿಯೂ ಇಲ್ಲ. ನೋಡಬೇಕಾದದ್ದು ಆರ್‌ಎಂಎಸ್. ಅದು ಸ್ಪೀಕರ್ ಒಂದೇ ಸಮನೆ ಕೊಡಬಲ್ಲ ಶಕ್ತಿ. ನಿಮಗೆ ಎಷ್ಟು ಬೇಕು ಗೊತ್ತಾ? ಒಂದು ಸಾಧಾರಣ ಸ್ಪೀಕರ್‌ಗೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಸುಮಾರು 85 ಡೆಸಿಬೆಲ್ (ಶಬ್ದ ಎಷ್ಟು ಜೋರು ಅನ್ನುವ ಅಳತೆ) ಶಬ್ದ ಬರುತ್ತದೆ. ಮೇಜಿನ ಮುಂದೆ ಕೂತು ಆರಾಮಾಗಿ ಹಾಡು ಕೇಳುವವರಿಗೆ 70ರಿಂದ 75 ಡೆಸಿಬೆಲ್ ಸಾಕು. ಅಂದರೆ ಒಂದು ವ್ಯಾಟ್‌ನ ಹತ್ತನೇ ಒಂದು ಭಾಗ! ಮೃದಂಗದ ಗಟ್ಟಿ ಪೆಟ್ಟು ಬಂದಾಗ ಒಂದೆರಡು ವ್ಯಾಟ್ ಎಳೆಯಬಹುದು, ಅಷ್ಟೇ. ಇನ್ನೊಂದು ಮಾತು. ವ್ಯಾಟ್ ಎರಡರಷ್ಟಾದರೆ ಶಬ್ದ ಎರಡರಷ್ಟಾಗುವುದಿಲ್ಲ, 3 ಡೆಸಿಬೆಲ್ ಮಾತ್ರ ಏರುತ್ತದೆ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ 20 ವ್ಯಾಟ್ ಸೆಟ್ ಬಿಟ್ಟು 40 ವ್ಯಾಟ್‌ಗೆ ಜಾಸ್ತಿ ದುಡ್ಡು ಕೊಟ್ಟರೆ ಕೈಗೆ ಸಿಗುವುದು ಬಹಳ ಕಡಿಮೆ.

ಈಗ 2.1 ಯಾಕೆ ಬೇಡ ಅಂತ. ನಮ್ಮೂರಲ್ಲಿ ಇದನ್ನು ಹೇಳುವುದು ಕಷ್ಟ. ಮಡಿಕೇರಿ ದಸರಾದಲ್ಲಿ ದಶಮಂಟಪದ, ಅಂದರೆ ಹತ್ತು ಮಂಟಪಗಳ ಮೆರವಣಿಗೆಯ ರಾತ್ರಿ ಎದೆ ನಡುಗಿಸುವ ಸೌಂಡ್ ಕೇಳಿ ಬೆಳೆದ ಹುಡುಗರಿಗೆ ಬೇಸ್ ಅಂದರೆ ಅದೇ. ಅಂಗಡಿಯವರಿಗೂ ಅದು ಗೊತ್ತು. ಪ್ಲಗ್ ಹಾಕಿ, ಬೇಸ್ ತಿರುಪು ಪೂರ್ತಿ ತಿರುಗಿಸಿ, ಗುಮ್ ಗುಮ್ ಅನ್ನುವ ಹಾಡೇ ಹಾಕಿ ತೋರಿಸುತ್ತಾರೆ. ಅಂಗಡಿಯ ಗದ್ದಲದಲ್ಲಿ ಅದು ಚೆನ್ನಾಗಿಯೇ ಕೇಳುತ್ತದೆ.

ಮನೆಗೆ ತಂದ ಮೇಲೆ ತೊಂದರೆ ಗೊತ್ತಾಗುತ್ತದೆ. ಈ ಬೆಲೆಯ 2.1 ಸೆಟ್‌ನಲ್ಲಿ ಮೇಜಿನ ಮೇಲೆ ಕೂರುವ ಎರಡು ಪುಟ್ಟ ಸ್ಪೀಕರ್‌ಗಳ ಕೋನ್ (ಅದುರಿ ಶಬ್ದ ಹುಟ್ಟಿಸುವ ಬಟ್ಟಲು) 2 ಇಂಚು, ಜಾಸ್ತಿ ಅಂದರೆ 3 ಇಂಚು. ಅವುಗಳಿಂದ ಕೆಳಗಿನ ಸ್ವರ ಬರುವುದಿಲ್ಲ. ಆ ಕೊರತೆಯನ್ನು ತುಂಬಲು ಮೇಜಿನ ಕೆಳಗಿನ ಸಬ್‌ವೂಫರ್ 150, 200 ಹರ್ಟ್ಸ್‌ವರೆಗೂ (ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಅಳತೆ, ಕಡಿಮೆ ಇದ್ದಷ್ಟೂ ಸ್ವರ ಕೆಳಗೆ) ದುಡಿಯಬೇಕಾಗುತ್ತದೆ. ಗಂಡಸಿನ ದನಿಯ ಮೂಲ ಸ್ವರ ಇರುವುದು ಸರಿಸುಮಾರು 85ರಿಂದ 180 ಹರ್ಟ್ಸ್ ನಡುವೆ. ಲೆಕ್ಕ ನೋಡಿ: ಹಾಡುವವರ ಬಾಯಿ ಮೇಜಿನ ಮೇಲೆ, ಎದೆ ಮೇಜಿನ ಕೆಳಗೆ! 80 ಹರ್ಟ್ಸ್‌ಗಿಂತ ಕೆಳಗಿನ ಶಬ್ದ ಯಾವ ದಿಕ್ಕಿನಿಂದ ಬಂತು ಅಂತ ಕಿವಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ, ಅದಕ್ಕಿಂತ ಮೇಲಿನದು ಗೊತ್ತಾಗುತ್ತದೆ. ಅದಕ್ಕೇ ಅಗ್ಗದ 2.1ರಲ್ಲಿ ಭಾವಗೀತೆ ಕೇಳಿದರೆ ದನಿ ತೆಳ್ಳಗೆ ಒಂದು ಕಡೆ, ಗುಂಯ್ ಅನ್ನುವ ಗುಂಗು ಇನ್ನೊಂದು ಕಡೆ. ಸಿನಿಮಾದ ಹೊಡೆದಾಟಕ್ಕೆ, ಗೇಮ್‌ಗೆ ಪರವಾಗಿಲ್ಲ. ಲಾಜಿಟೆಕ್ ಝಡ್ 313 ತರಹದ 25 ವ್ಯಾಟ್ ಆರ್‌ಎಂಎಸ್ ಸೆಟ್‌ಗಳನ್ನು ವರ್ಷಗಟ್ಟಲೆ ಖುಷಿಯಾಗಿ ಬಳಸುವವರಿದ್ದಾರೆ. ಆದರೆ ನಿಮ್ಮ ಹಾಡಿನ ಪಟ್ಟಿಗೆ ಅದು ಹೊಂದುವುದಿಲ್ಲ.

ಸೌಂಡ್‌ಬಾರ್ ವಿಷಯ ಬೇಗ ಮುಗಿಸುತ್ತೇನೆ. ಟಿವಿ ಕೆಳಗೆ ಇಡಲು ಒಳ್ಳೆಯದು. ಕರ್ನಾಟಕ ಸಂಗೀತದ ಎಷ್ಟೋ ರೆಕಾರ್ಡಿಂಗ್‌ಗಳಲ್ಲಿ ಪಿಟೀಲು ಒಂದು ಪಕ್ಕ, ಮೃದಂಗ ಇನ್ನೊಂದು ಪಕ್ಕ ಕೂತಿರುತ್ತದೆ. ಒಂದೇ ಗಿಡ್ಡ ಕೊಳವೆಯೊಳಗೆ ಎರಡನ್ನೂ ತುರುಕಿದರೆ ಆ ಅಂತರವೇ ಹೋಗುತ್ತದೆ. 1960ರ ದಶಕದ ಚಿತ್ರಗೀತೆಗಳು ಬಹುಪಾಲು ಮೋನೋ, ಅವಕ್ಕೆ ಅಂತಹ ನಷ್ಟವೇನಿಲ್ಲ. ಆದರೂ ಜೋಡಿ ಸ್ಪೀಕರ್‌ನ ನಡುವೆ ಕೂತು ಕೇಳಿ ನೋಡಿ, ಹಾಡುವವರು ಸರಿಯಾಗಿ ನಿಮ್ಮ ಎದುರಿಗೇ ನಿಂತ ಹಾಗಿರುತ್ತದೆ.

ಹಾಗಾದರೆ ಯಾವುದು? ಬೆಲೆ ಆಗಾಗ ಏರಿಳಿಯುತ್ತದೆ, ಅದಕ್ಕೆ ದಾರಿ ಮಾತ್ರ ಹೇಳುತ್ತೇನೆ.

ದುಡ್ಡು ಉಳಿಸಬೇಕು ಅಂದರೆ ಕ್ರಿಯೇಟಿವ್ ಪೆಬಲ್. ನಿಮ್ಮ 5 ಸಾವಿರದಲ್ಲಿ ಅರ್ಧಕ್ಕಿಂತ ಜಾಸ್ತಿಯೇ ಉಳಿಯುತ್ತದೆ. 2 ಇಂಚಿನ ಕೋನ್, 4.4 ವ್ಯಾಟ್ ಆರ್‌ಎಂಎಸ್, ಕರೆಂಟಿಗೆ ಕಂಪ್ಯೂಟರ್‌ನ ಯುಎಸ್‌ಬಿ ಸಾಕು. ಮುಖ 45 ಡಿಗ್ರಿ ಮೇಲಕ್ಕೆ ತಿರುಗಿದೆ, ಹಾಗಾಗಿ ಮೇಜಿನ ಮೇಲಿಟ್ಟರೂ ಶಬ್ದ ನೇರ ಕಿವಿಗೆ ಬರುತ್ತದೆ. 100 ಹರ್ಟ್ಸ್‌ಗಿಂತ ಕೆಳಗೆ ಹೆಚ್ಚೇನೂ ಸಿಗದು. ದುಡಿ ಬಡಿಯುವ ಹಾಡು ಹಾಕಿದರೆ ಪೆಟ್ಟು ಕೇಳುತ್ತದೆ, ಅದರ ತೂಕ ಕೇಳುವುದಿಲ್ಲ. ದನಿ, ಕೊಳಲು, ವೀಣೆ ಮಾತ್ರ ಆ ಬೆಲೆಗೆ ಆಶ್ಚರ್ಯ ಅನ್ನಿಸುವಷ್ಟು ಸ್ಪಷ್ಟ.

ಸ್ವಲ್ಪ ಕಾಯಲು ಆಗುತ್ತದೆ ಅಂದರೆ ಎಡಿಫೈಯರ್ ಆರ್ 1280 ಟಿ ದರ್ಜೆಯದ್ದಕ್ಕೆ ದುಡ್ಡು ಕೂಡಿಸಿ. 4 ಇಂಚಿನ ಕೋನ್, ಮೇಲಿನ ಸ್ವರಗಳಿಗೆ 13 ಮಿಲಿಮೀಟರ್‌ನ ಬೇರೆಯೇ ಪುಟ್ಟ ಸ್ಪೀಕರ್ (ಟ್ವೀಟರ್), ಒಟ್ಟು 42 ವ್ಯಾಟ್ ಆರ್‌ಎಂಎಸ್. ನಿಮ್ಮ ಬಜೆಟ್ ಮೀರುತ್ತದೆ, ಗೊತ್ತು. ಆದರೆ ನನ್ನನ್ನು ಕೇಳಿದರೆ 5 ಸಾವಿರಕ್ಕೆ ಒಂದು ಸಾಧಾರಣ ಸೆಟ್ ತರುವುದಕ್ಕಿಂತ ಈಗ ಪೆಬಲ್ ತಗೊಂಡು, ಮುಂದಿನ ಕಾಫಿ ಕುಯ್ಲಿನ ನಂತರ ಇದನ್ನು ತರುವುದು ಮೇಲು.

ನಡುವಿನ ಬೆಲೆಯಲ್ಲೇ ಬೇಕು ಅಂದರೆ ಹೆಸರು ನೋಡಬೇಡಿ, ಲಕ್ಷಣ ನೋಡಿ. ಕೋನ್ 3 ಇಂಚಿಗೆ ಕಡಿಮೆ ಇರಬಾರದು. ಟ್ವೀಟರ್ ನಿಜವಾದದ್ದಿರಬೇಕು, ಎಷ್ಟೋ ಡಬ್ಬಗಳಲ್ಲಿ ಅದು ಬರೀ ಅಲಂಕಾರದ ಬಿಲ್ಲೆ. ಕೋನ್ ಸುತ್ತಲಿನ ಉಂಗುರ ರಬ್ಬರ್ ಆಗಿರಲಿ, ಫೋಮ್ ಬೇಡ. ಕೈಯಲ್ಲಿ ಎತ್ತಿ ನೋಡಿ, ತೀರಾ ಹಗುರ ಅನ್ನಿಸಿದರೆ ಅಲ್ಲೇ ಬಿಡಿ. ಬಣ್ಣ ಬಣ್ಣದ ಲೈಟು ಮಿನುಗುತ್ತಿದ್ದರೆ ಆ ದುಡ್ಡು ನಿಮ್ಮ ಕಿವಿಗೆ ಹೋಗಿಲ್ಲ ಅಂತ ಅರ್ಥ.

ಇದೆಲ್ಲಕ್ಕಿಂತ ಮೊದಲು ಅಟ್ಟ ಹತ್ತಿ ಒಮ್ಮೆ ನೋಡಿ. ತಮಾಷೆಗೆ ಹೇಳುತ್ತಿಲ್ಲ. ಕೊಡಗಿನಲ್ಲಿ ಮಿಲಿಟರಿಯವರು ಇಲ್ಲದ ಕುಟುಂಬ ಕಡಿಮೆ. ಯಾರಾದರೂ ದೊಡ್ಡಪ್ಪನೋ ಮಾವನೋ ಕ್ಯಾಂಟೀನ್‌ನಿಂದ ತಂದ ಹಳೇ ಸ್ಟೀರಿಯೋ ಎಷ್ಟೋ ಮನೆಗಳಲ್ಲಿ ಬಟ್ಟೆ ಹೊದ್ದು ಕೂತಿರುತ್ತದೆ. ಕ್ಯಾಸೆಟ್ ಡೆಕ್ ಸತ್ತಿರಬಹುದು, ಸಿಡಿ ಓಡದೇ ಇರಬಹುದು. ನಮಗೆ ಬೇಕಾದದ್ದು ಅದರ ಆಂಪ್ಲಿಫೈಯರ್ ಮತ್ತು ಎರಡು ಮರದ ಸ್ಪೀಕರ್ ಮಾತ್ರ. ಹಿಂದೆ ಕೆಂಪು ಬಿಳಿ ತೂತಿನ ಜೋಡಿ ಇದ್ದು, ಪಕ್ಕದಲ್ಲಿ ಆಕ್ಸ್ ಅಂತ ಬರೆದಿದ್ದರೆ ಕೆಲಸ ಮುಗಿಯಿತು. ಒಂದು ತುದಿಯಲ್ಲಿ 3.5 ಮಿಲಿಮೀಟರ್ ಪಿನ್, ಇನ್ನೊಂದು ತುದಿಯಲ್ಲಿ ಕೆಂಪು ಬಿಳಿ ಪಿನ್ ಇರುವ ವೈರ್ ಕೇಳಿ ತನ್ನಿ, ಕೆಲವು ನೂರು ರೂಪಾಯಿಯೊಳಗೆ ಸಿಗುತ್ತದೆ. ಫೋನೋ ಅಂತ ಬರೆದ ತೂತಿಗೆ ಮಾತ್ರ ಹಾಕಬೇಡಿ. ಅದು ಗ್ರಾಮಫೋನ್ ತಟ್ಟೆಯ ಕ್ಷೀಣ ಸಿಗ್ನಲ್‌ಗೆ ಮಾಡಿದ್ದು, ಕಂಪ್ಯೂಟರ್ ಜೋಡಿಸಿದರೆ ಶಬ್ದ ಒಡೆದು ಚೀರುತ್ತದೆ. ತಿರುಪು ತಿರುಗಿಸಿದಾಗ ಕರಕರ ಅಂದರೆ ಹೆದರಬೇಡಿ. ನಮ್ಮ ತೇವಕ್ಕೆ ಅದು ಮಾಮೂಲು. ಪ್ಲಗ್ ತೆಗೆದು, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, ಒಂದಷ್ಟು ಸಲ ಆ ಕಡೆ ಈ ಕಡೆ ತಿರುಗಿಸಿದರೆ ಬಹುತೇಕ ಸರಿಹೋಗುತ್ತದೆ. ಕೋನ್ ಸುತ್ತಲಿನ ಫೋಮ್ ಪುಡಿಯಾಗಿದ್ದರೆ ಹೊಸ ಉಂಗುರ ಅಂಟಿಸಬೇಕು. ಅದೂ ದೊಡ್ಡ ಖರ್ಚಲ್ಲ.

ಇನ್ನು ನಮ್ಮ ಮಳೆ, ನಮ್ಮ ಕರೆಂಟು. ಹೊರಗಿನವರು ಬರೆದ ಸಲಹೆಗಳಲ್ಲಿ ಇದು ಇರುವುದಿಲ್ಲ. ಕರೆಂಟು ಹೋಗಿ ಇನ್ವರ್ಟರ್ ಮೇಲೆ ಓಡುವಾಗ ಸ್ಪೀಕರ್ ಜುಂಯ್ ಅನ್ನುತ್ತದೆ ಅಂತ ತರುವವರು ಬಹಳ. ಸ್ಪೀಕರ್ ಕೆಟ್ಟಿರುವುದಿಲ್ಲ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರ್ ಕೊಡುವ ಕರೆಂಟೇ ಹಾಗೆ, ಒಳಗಿನ ಟ್ರಾನ್ಸ್‌ಫಾರ್ಮರ್ ಅದಕ್ಕೆ ಗುನುಗುತ್ತದೆ. ಸೈನ್ ವೇವ್ ಇನ್ವರ್ಟರ್ ಇದ್ದರೆ ಈ ಕಾಟ ಇಲ್ಲ.

ಇನ್ವರ್ಟರ್ ಇಲ್ಲದೆಯೂ ಗುಂಯ್ ಅಂತಿದ್ದರೆ ಅರ್ತಿಂಗ್ ನೋಡಿಸಿ. ಹಳೇ ಮನೆಗಳಲ್ಲಿ ಮೂರನೇ ತೂತು ಎಷ್ಟೋ ಕಡೆ ಸುಮ್ನೆ ಇರುತ್ತದೆ, ಒಳಗೆ ವೈರೇ ಇರುವುದಿಲ್ಲ. ಕಂಪ್ಯೂಟರ್ ಮತ್ತು ಸ್ಪೀಕರ್ ಎರಡನ್ನೂ ಒಂದೇ ಬೋರ್ಡಿಗೆ ಹಾಕಿದರೂ ಅರ್ಧ ತೊಂದರೆ ಹೋಗುತ್ತದೆ. ಆಡಿಯೋ ಪಿನ್ ಅನ್ನು ಸಿಪಿಯು ಮುಂಭಾಗಕ್ಕೆ ಚುಚ್ಚಬೇಡಿ, ಹಿಂದಿನ ಹಸಿರು ತೂತಿಗೆ ಹಾಕಿ. ಮುಂದಿನ ತೂತಿಗೆ ಒಳಗಿಂದ ಉದ್ದ ವೈರ್ ಬರುತ್ತದೆ, ಅದು ದಾರಿಯುದ್ದಕ್ಕೂ ಕೊರಕೊರ ಎತ್ತಿಕೊಂಡು ಬರುತ್ತದೆ. ಅಷ್ಟಾದರೂ ಹೋಗದಿದ್ದರೆ ಒಂದು ಪುಟ್ಟ ಯುಎಸ್‌ಬಿ ಸೌಂಡ್‌ಕಾರ್ಡ್ ಹಾಕಿ ನೋಡಿ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಇಂಟರ್ನೆಟ್‌ನ ಲ್ಯಾನ್ ವೈರ್ ಇದ್ದರೆ ಅದನ್ನೂ ಕೀಳಿ, ಸಿಡಿಲು ಆ ದಾರಿಯಲ್ಲೂ ಬರುತ್ತದೆ. ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ ಮಳೆಯಲ್ಲಿ ಬೇರೆ ಗೋಳು. ಮರದ ಪೆಟ್ಟಿಗೆ ಅನ್ನುವುದರ ಹಲಗೆ ಸಾಮಾನ್ಯವಾಗಿ ಮರದ ನಾರು ಒತ್ತಿ ಮಾಡಿದ ಎಂಡಿಎಫ್. ಗೋಡೆಗೆ ಒತ್ತಿ ಇಟ್ಟರೆ ತೇವ ಹೀರಿ ಮೂಲೆ ಉಬ್ಬುತ್ತದೆ, ಹಿಂಬದಿಗೆ ಬೂಷ್ಟು ಹಿಡಿಯುತ್ತದೆ. ಒಂದು ಗೇಣು ಜಾಗ ಬಿಡಿ. ಆ ಜಾಗ ಬಿಟ್ಟರೆ ಶಬ್ದಕ್ಕೂ ಒಳ್ಳೆಯದು. ಗೋಡೆಗೆ, ಅದರಲ್ಲೂ ಮೂಲೆಗೆ ತಾಗಿಸಿದರೆ ಬೇಸ್ ಉಬ್ಬಿ ಗುಂಗುಡುತ್ತದೆ. ದಿನಾ ಸ್ವಲ್ಪ ಹೊತ್ತು ಆನ್ ಮಾಡಿದರೆ ಒಳಗಿನ ಬಿಸಿಗೇ ತೇವ ಆರುತ್ತದೆ. ವರ್ಷಗಟ್ಟಲೆ ಆಫ್ ಮಾಡಿಟ್ಟ ಸೆಟ್‌ಗಳೇ ನನ್ನ ಹತ್ತಿರ ಜಾಸ್ತಿ ಬರುವುದು.

ಹೆಂಚಿನ ಮೇಲೆ, ಅದಕ್ಕಿಂತ ಶೀಟಿನ ಮೇಲೆ ಮಳೆ ಸುರಿಯುವಾಗ ಮಾತ್ರ ಯಾವ ಸ್ಪೀಕರ್ ತಂದರೂ ಸೋಲುತ್ತೀರಿ. ಅದಕ್ಕಾಗಿ ದೊಡ್ಡ ಸೆಟ್ ತರಲು ಹೋಗಬೇಡಿ. ಆ ಎರಡು ತಿಂಗಳಿಗೆ ಒಂದು ಸಾಧಾರಣ ಹೆಡ್‌ಫೋನ್ ಇಟ್ಟುಕೊಳ್ಳಿ.

ಇಡುವ ರೀತಿ ಸುಲಭ. ಎರಡು ಸ್ಪೀಕರ್ ನಡುವೆ ಎಷ್ಟು ದೂರವೋ ನಿಮ್ಮ ತಲೆಗೂ ಅಷ್ಟೇ ದೂರ. ಟ್ವೀಟರ್ ಕಿವಿಯ ಎತ್ತರಕ್ಕೆ ಬರಲಿ, ಬೇಕಾದರೆ ಕೆಳಗೆ ಎರಡು ದಪ್ಪ ಪುಸ್ತಕ ಕೊಡಿ. ಮುಖ ಸ್ವಲ್ಪ ನಿಮ್ಮ ಕಡೆ ತಿರುಗಿಸಿ. ಕಾಸು ಖರ್ಚಿಲ್ಲದ ಈ ಕೆಲಸ ಮಾಡದೆ, ಸ್ಪೀಕರ್ ಸರಿ ಇಲ್ಲ ಅಂತ ವಾಪಸ್ ಕೊಡುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಬ್ಲೂಟೂತ್‌ಗಾಗಿ ಜಾಸ್ತಿ ಕೊಡಬೇಡಿ, ಮೇಜಿನ ಮೇಲೆ ವೈರೇ ಸಾಕು. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ಎನ್‌ಹಾನ್ಸ್‌ಮೆಂಟ್ ಅಂತಿರುವುದನ್ನೆಲ್ಲ ಆರಿಸಿ. ಬೇಸ್ ಉಬ್ಬಿದೆ ಅನ್ನಿಸಿದರೆ ಈಕ್ವಲೈಸರ್ ಎಪಿಒ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಇದೆ, ಅದರಲ್ಲಿ ಇಳಿಸಬಹುದು. ಯಾವಾಗಲೋ ಇಳಿಸಿಕೊಂಡ ಹಳೇ ಎಂಪಿ3 ಫೈಲ್‌ಗಳಿದ್ದರೆ ಅವುಗಳ ಬಿಟ್‌ರೇಟ್ (ಒಂದು ಸೆಕೆಂಡಿನ ಹಾಡಿಗೆ ಎಷ್ಟು ಡೇಟಾ ಅನ್ನುವ ಲೆಕ್ಕ) ನೋಡಿ. 64 ಕೆಬಿಪಿಎಸ್‌ನ ಹಾಡು ಎಷ್ಟು ಸಾವಿರದ ಸ್ಪೀಕರ್‌ನಲ್ಲೂ ಗೊರಗೊರ ಅನ್ನುತ್ತದೆ.

ಎಲ್ಲಿ ಕೊಳ್ಳುವುದು ಅಂದರೆ, ಆನ್‌ಲೈನ್‌ನಲ್ಲಿ ಆಯ್ಕೆ ಜಾಸ್ತಿ, ಕುಶಾಲನಗರ ಅಥವಾ ಮಡಿಕೇರಿಯ ಅಂಗಡಿಯಲ್ಲಿ ಕೇಳಿ ನೋಡಬಹುದು. ಎಲ್ಲಿ ತಗೊಂಡರೂ ವಾರಂಟಿ ರಿಪೇರಿ ಎಲ್ಲಿ ಅಂತ ಮೊದಲೇ ಕೇಳಿ. ಸ್ಪೀಕರ್ ಹೊತ್ತುಕೊಂಡು ಮೈಸೂರಿಗೆ ಹೋಗಬೇಕು ಅಂದರೆ ಬಸ್ ಚಾರ್ಜು, ಒಂದು ದಿನದ ಕೆಲಸ ಎರಡೂ ಹೋಗುತ್ತದೆ. ಅಂಗಡಿಗೆ ಹೋಗುವಾಗ ನಿಮಗೆ ಬಾಯಿಪಾಠ ಇರುವ ಒಂದು ಹಾಡನ್ನು ಫೋನ್‌ನಲ್ಲಿ ಒಯ್ಯಿರಿ. ಬೇಸ್ ತಿರುಪು ನಡುವಿಗೆ ತರಿಸಿ, ಅದನ್ನೇ ಹಾಕಿಸಿ ಕೇಳಿ.

ನಿಮ್ಮ ಮೇಜು ಎಷ್ಟು ಅಗಲ ಇದೆ, ಇನ್ವರ್ಟರ್ ಯಾವ ತರಹದ್ದು ಅಂತ ಕೆಳಗೆ ಬರೆಯಿರಿ. ಅಟ್ಟದ ಮೇಲೆ ಹಳೇ ಸೆಟ್ ಸಿಕ್ಕಿದರೆ ಅದರ ಹಿಂಭಾಗದ ಒಂದು ಫೋಟೋ ಹಾಕಿ, ಯಾವ ವೈರ್ ಬೇಕು ಅಂತ ನೋಡಿ ಹೇಳುತ್ತೇನೆ.