ಮೂವತ್ತನೇ ಕಿಲೋಮೀಟರಿನಲ್ಲಿ ಗೆಳೆಯನನ್ನು ಬಿಟ್ಟು ಓಡಬಹುದೇ?

ಮಲ್ಲೇಶ್ವರದ ಓದುಗರೊಬ್ಬರ ಪತ್ರದ ಸಾರ: ನಾವು ಆರು ಮಂದಿ ಕಬ್ಬನ್ ಪಾರ್ಕಿನಲ್ಲಿ ಓಡುತ್ತೇವೆ. ನಾನು, ಆಫೀಸಿನ ಗೆಳೆಯ, ನನ್ನ ಅತ್ತಿಗೆ, ಪಕ್ಕದ ಮನೆಯ ಐವತ್ತೆರಡು ವರ್ಷದ ರಾಯರು, ಈ ನಾಲ್ವರು ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲೇ ಫುಲ್ ಮ್ಯಾರಥಾನ್ ಓಡಬೇಕೆಂದಿದ್ದೇವೆ. ಉಳಿದಿಬ್ಬರು ಈ ವರ್ಷ ಓಡುವುದಿಲ್ಲ, ಸಹಾಯಕ್ಕೆ ಬರುತ್ತಾರೆ. ಭಾನುವಾರದ ಲಾಂಗ್ ರನ್ನಿನಲ್ಲಿ ಗೆಳೆಯ ಮುಂದೆ ಹೋಗಿಬಿಡುತ್ತಾನೆ, ಅತ್ತಿಗೆ ಹಿಂದೆ ಒಬ್ಬರೇ ಉಳಿಯುತ್ತಾರೆ. ಹೋದ ವಾರ ಬೇಸರವಾಗಿ ಅರ್ಧಕ್ಕೇ ಆಟೊ ಹತ್ತಿ ಮನೆಗೆ ಹೋದರು. ಒಟ್ಟಿಗೆ ತಯಾರಾಗುವುದು ಹೇಗೆ? ಓಟದ ದಿನ ಒಬ್ಬರು ಹಿಂದೆ ಬಿದ್ದರೆ ಉಳಿದವರು ನಿಲ್ಲಬೇಕೇ, ಹೋಗಬೇಕೇ?

ಸಂಪಾದಕರ ಉತ್ತರ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇವೆ. ಹೋಗಬಹುದು. ಆದರೆ ಯಾವಾಗ ಹೋಗಬಹುದು, ಯಾವಾಗ ಹೋಗಲೇಬಾರದು ಎನ್ನುವುದು ಓಟಕ್ಕೆ ಮುಂಚೆಯೇ, ಎಲ್ಲರೂ ಆರಾಮಾಗಿ ಕೂತು ಕಾಫಿ ಕುಡಿಯುವಾಗಲೇ ತೀರ್ಮಾನವಾಗಿರಬೇಕು. 42.195 ಕಿಲೋಮೀಟರಿನಲ್ಲಿ ಮೂವತ್ತು ದಾಟುವ ಹೊತ್ತಿಗೆ ಸ್ನಾಯುಗಳಲ್ಲಿ, ಪಿತ್ತಜನಕಾಂಗದಲ್ಲಿ ಕೂಡಿಟ್ಟಿದ್ದ ಗ್ಲೈಕೊಜೆನ್ (ದೇಹದ ಸಕ್ಕರೆ ದಾಸ್ತಾನು) ಬಹುಪಾಲು ಮುಗಿಯುತ್ತಾ ಬಂದಿರುತ್ತದೆ. ಕಾಲಿನ ಜೊತೆಗೆ ತಲೆಯೂ ಮಂಕಾಗುತ್ತದೆ. ಅಲ್ಲಿ ನಿಂತು 'ನೀನು ಹೋಗು', 'ಇಲ್ಲ, ನಾನಿರ್ತೀನಿ' ಎಂದು ಚರ್ಚೆಗೆ ಇಳಿದರೆ ಇಬ್ಬರಿಗೂ ನಷ್ಟ. ನಿಮ್ಮ ಗುಂಪು ಮಾಡಬೇಕಾದ ಸಹಾಯದಲ್ಲಿ ಮುಕ್ಕಾಲು ಪಾಲು ಇಂಥ ಮಾತುಗಳನ್ನು ಮೊದಲೇ ಆಡಿ ಮುಗಿಸುವುದು.

ಈಗ ಅತ್ತಿಗೆಯವರ ವಿಷಯ. ಅವರು ಆಟೊ ಹತ್ತಿದ್ದು ಅವರ ತಪ್ಪಲ್ಲ, ನಿಮ್ಮ ಮಾರ್ಗದ ತಪ್ಪು. ವೇಗ ಬೇರೆಬೇರೆ ಇರುವವರು ಒಂದೇ ದಿಕ್ಕಿನಲ್ಲಿ 'ಇಷ್ಟು ಕಿಲೋಮೀಟರ್' ಎಂದುಕೊಂಡು ಹೊರಟರೆ ನಿಧಾನದವರು ಹಿಂದೆ ಉಳಿಯದೆ ಇನ್ನೇನಾಗುತ್ತದೆ? ದೂರದ ಲೆಕ್ಕ ಬಿಟ್ಟು ಹೊತ್ತಿನ ಲೆಕ್ಕ ಹಿಡಿಯಿರಿ. ಎಲ್ಲರೂ ಒಂದೇ ಜಾಗದಿಂದ ಹೊರಟು 75 ನಿಮಿಷ ಓಡಿ, ಎಲ್ಲಿದ್ದರೆ ಅಲ್ಲೇ ಹಿಂದಿರುಗಿ. ಕಿಲೋಮೀಟರಿಗೆ 6 ನಿಮಿಷದ ಗೆಳೆಯ ಹನ್ನೆರಡೂವರೆ ಕಿಲೋಮೀಟರ್ ಹೋಗಿ ತಿರುಗುತ್ತಾನೆ, ಏಳೂವರೆ ನಿಮಿಷದ ಅತ್ತಿಗೆ ಹತ್ತು ಕಿಲೋಮೀಟರ್ ಹೋಗಿ ತಿರುಗುತ್ತಾರೆ. ತಿರುಗಿದ ಕ್ಷಣದಿಂದ ಅತ್ತಿಗೆ ಮುಂದೆ, ಗೆಳೆಯ ಹಿಂದೆ. ಯಾರಿಗಾದರೂ ಕಾಲು ಹಿಡಿದರೆ, ತಲೆ ಸುತ್ತಿದರೆ, ಹಿಂದಿನಿಂದ ಬರುವವರು ನೋಡಿಯೇ ನೋಡುತ್ತಾರೆ. ಇಬ್ಬರೂ ಒಂದೇ ವೇಗ ಕಾಯ್ದುಕೊಂಡರೆ ಎರಡೂವರೆ ಗಂಟೆಗೆ ಸರಿಯಾಗಿ ಒಟ್ಟಿಗೇ ಬಂದು ಸೇರುತ್ತಾರೆ. ಗೆಳೆಯನಿಗೆ 25, ಅತ್ತಿಗೆಗೆ 20, ಎರಡೂ ಅವರವರಿಗೆ ಸರಿಯಾದ ದೂರವೇ. ಇದೊಂದನ್ನು ಈ ಭಾನುವಾರವೇ ಮಾಡಿ ನೋಡಿ.

ಎರಡು ಗಂಟೆ ಮುಕ್ಕಾಲು ದಾಟುವ ಓಟಗಳಿಗೆ ಮಾತ್ರ ಸುತ್ತು ಒಳ್ಳೆಯದು. ಪಾರ್ಕಿನ ಸುತ್ತಲಿನ ರಸ್ತೆಗಳನ್ನು ಸೇರಿಸಿ ಸುಮಾರು 5 ಕಿಲೋಮೀಟರಿನ ಒಂದು ಸುತ್ತು ಗುರುತಿಸಿಕೊಂಡು, ಕಾರನ್ನು ಒಂದೇ ಜಾಗದಲ್ಲಿ ನಿಲ್ಲಿಸಿ. ಯಾರೂ ಎಂದಿಗೂ ಕಾರಿನಿಂದ ಎರಡೂವರೆ ಕಿಲೋಮೀಟರಿಗಿಂತ ದೂರ ಇರುವುದಿಲ್ಲ, ನಿಲ್ಲಿಸಬೇಕೆನಿಸಿದವರು ಮರ್ಯಾದೆಯಾಗಿ ನಿಲ್ಲಿಸಬಹುದು. ಲಾಲ್‌ಬಾಗ್ ಗೇಟು 5ಕ್ಕೆ ತೆರೆದಿರುವುದಿಲ್ಲ. ಬೆಳಗ್ಗೆ 5ಕ್ಕೆ ಹೊರಡುವ ಉದ್ದದ ಓಟಕ್ಕೆ ಅದನ್ನು ನೆಚ್ಚಿಕೊಳ್ಳಬೇಡಿ.

ಲಾಂಗ್ ರನ್ನಿನ ವೇಗಕ್ಕೆ ಗಡಿಯಾರಕ್ಕಿಂತ ಬಾಯಿ ಒಳ್ಳೆಯ ಅಳತೆ. ಪೂರ್ತಿ ವಾಕ್ಯ ಏದುಸಿರಿಲ್ಲದೆ ಹೇಳಲಾಗಬೇಕು. ಮಾತು 'ಹೂಂ', 'ಹಾಂ'ಗೆ ಇಳಿದರೆ ವೇಗ ಏರಿದೆ ಎಂದರ್ಥ. ನಿಮ್ಮ ಗೆಳೆಯನಿಗೆ ಹೇಳಿ: ಓಟದ ದಿನದ ಪೇಸಿಗಿಂತ ಕಿಲೋಮೀಟರಿಗೆ 45ರಿಂದ 90 ಸೆಕೆಂಡ್ ನಿಧಾನವಾಗಿ ಲಾಂಗ್ ರನ್ ಓಡುವುದರಿಂದ ಅವನ ತಯಾರಿ ಕೆಡುವುದಿಲ್ಲ, ಅದೇ ತಯಾರಿ. ವೇಗದ ಆಸೆಯಿದ್ದರೆ ಬುಧವಾರ ಒಬ್ಬನೇ ತೀರಿಸಿಕೊಳ್ಳಲಿ. ಹಾಗೆಂದು ತನ್ನ ಸಹಜ ನಡೆಗಿಂತ ತೀರಾ ನಿಧಾನವಾಗಿ ಅತ್ತಿಗೆಯ ಪಕ್ಕದಲ್ಲೇ ಮೂರು ಗಂಟೆ ಓಡು ಎನ್ನುವುದೂ ತಪ್ಪು. ಹೆಜ್ಜೆಯ ಲಯ ತಪ್ಪಿ ಮೀನಖಂಡ ಹಿಡಿಯಬಹುದು.

ದೂರ ಏರಿಸುವ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಜೂನಿನಿಂದ 18 ವಾರ ಸಿಗುತ್ತದೆ. ಮೂರು ವಾರ ಏರಿಸಿ, ನಾಲ್ಕನೆಯದರಲ್ಲಿ ಕಾಲುಭಾಗ ಇಳಿಸಿ. ಅತಿ ಉದ್ದದ ಓಟ 30ರಿಂದ 32 ಕಿಲೋಮೀಟರ್, ಅದೂ ಓಟಕ್ಕೆ ಮೂರು ವಾರ ಮೊದಲು. ಅಲ್ಲಿಂದ ಟೇಪರ್, ಅಂದರೆ ಓಟವನ್ನು ವಾರವಾರವೂ ಇಳಿಸುತ್ತಾ ಬರುವುದು. ಆದರೆ ಮೂರೂವರೆ ಗಂಟೆಯನ್ನು ಯಾರೂ ಮೀರಬೇಡಿ. ಏಳೂವರೆ ನಿಮಿಷದ ಪೇಸಿನವರಿಗೆ ಅದು 28 ಕಿಲೋಮೀಟರಿಗೇ ಮುಗಿಯುತ್ತದೆ, ಮುಗಿಯಲಿ. 'ಅವರು 32 ಓಡಿದರು, ನಾವೂ ಓಡೋಣ' ಎಂದು ಗಂಟೆಗಟ್ಟಲೆ ಎಳೆದವರಿಗೆ ಮೂಳೆಯಲ್ಲಿ ಸಣ್ಣ ಬಿರುಕು ಬಿಡುವ ಅಪಾಯ ಹೆಚ್ಚು. ಮುಂಗಾಲಿನ ಮೂಳೆಯ ಮೇಲೆ ಒಂದೇ ಬೆರಳಿನಷ್ಟು ಜಾಗ ಒತ್ತಿದರೆ ಜೀವ ಹೋಗುವಂತೆ ನೋವು, ಓಡಿದಷ್ಟೂ ಹೆಚ್ಚಾಗುತ್ತಿದೆ ಎಂದರೆ ಓಟ ನಿಲ್ಲಿಸಿ ವೈದ್ಯರ ಬಳಿ ಕರೆದೊಯ್ಯಿರಿ. 'ಸ್ವಲ್ಪ ಓಡಿದ್ರೆ ಬಿಟ್ಟೋಗುತ್ತೆ' ಎಂದು ಹುರಿದುಂಬಿಸುವ ಜಾಗ ಅದಲ್ಲ. ರಾಯರು ತರಬೇತಿ ಜೋರಾಗುವ ಮುನ್ನವೇ ಹೃದಯದ ತಪಾಸಣೆ ಮಾಡಿಸಿಕೊಳ್ಳಲಿ. ಮನೆಯಲ್ಲಿ ಹೃದ್ರೋಗದ ಚರಿತ್ರೆ, ಸಕ್ಕರೆ, ಬಿಪಿ ಇದ್ದರೆ ವಯಸ್ಸು ಎಷ್ಟೇ ಇರಲಿ, ಮಾಡಿಸಿಕೊಳ್ಳಿ.

ನಿಮ್ಮ ತರಬೇತಿ ಪೂರ್ತಿ ಮಳೆಗಾಲದಲ್ಲಿ. ಇಬ್ಬಿಬ್ಬರ ಜೋಡಿ ಮಾಡಿಕೊಂಡು, ನಸುಕಿನಲ್ಲಿ ಯಾರೂ ಒಂಟಿಯಾಗಿ ಹೊರಡದ ಹಾಗೆ ನೋಡಿಕೊಳ್ಳಿ. ಎದುರಿನಿಂದ ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ಓಡಿ. ನೀರು ನಿಂತಿದ್ದರೆ ಅದರ ಮೇಲೆ ಕಾಲಿಡಬೇಡಿ, ಕೆಳಗೆ ಚಪ್ಪಡಿ ಸರಿದ ಚರಂಡಿ ಇರಬಹುದು. ನಾಯಿ ಅಟ್ಟಿಸಿಕೊಂಡು ಬಂದರೆ ಓಡಬೇಡಿ, ನಿಂತು ನಿಧಾನವಾಗಿ ನಡೆಯಿರಿ. ಕಚ್ಚಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅಂದೇ ಲಸಿಕೆ ಹಾಕಿಸಿ. ನೆನೆದ ಶೂ ಒಳಗೆ ನ್ಯೂಸ್ ಪೇಪರ್ ಉಂಡೆ ಮಾಡಿ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿದರೆ ಸಂಜೆಗೆ ಒಣಗುತ್ತದೆ. ಬಿಸಿಲಿಗೋ ಹೀಟರ್ ಮುಂದೆಯೋ ಇಟ್ಟರೆ ಅಂಟು ಬಿಡುತ್ತದೆ.

ಓಡದ ಇಬ್ಬರು ಈಗಿನಿಂದಲೇ ಕೆಲಸಕ್ಕೆ ಇಳಿಯಬಹುದು. ಕಾರಿನ ಡಿಕ್ಕಿಯಲ್ಲಿ ಏನಿರಬೇಕು? ಒಬ್ಬರಿಗೆ ಗಂಟೆಗೆ 400ರಿಂದ 600 ಮಿಲಿಲೀಟರ್ ನೀರು ಎಂದರೆ ನಾಲ್ವರಿಗೆ ಮೂರು ಗಂಟೆಗೆ ಸುಮಾರು 6 ಲೀಟರ್. ಇನ್ನೆರಡು ಲೀಟರ್ ಹೆಚ್ಚಿಗೆ ಇಡಿ, ಅದರಲ್ಲಿ ಎರಡು ಲೀಟರಿಗೆ ಓಆರ್‌ಎಸ್ ಬೆರೆಸಿ. ಲಕೋಟೆಯ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಇದೆಯೇ, ಎಷ್ಟು ನೀರಿಗೆ ಎಂದು ಬರೆದಿದೆ, ಎರಡನ್ನೂ ನೋಡಿ. ಒಂದು ಲೀಟರಿನ ಪೊಟ್ಟಣವನ್ನು ಅರ್ಧ ಲೀಟರಿಗೆ ಸುರಿದರೆ ಬಾಯಾರಿಕೆ ಹೆಚ್ಚಿ ಹೊಟ್ಟೆ ಕೆಡುತ್ತದೆ. ಎಳನೀರು ಓಟ ಮುಗಿದ ಮೇಲೆ ಚೆನ್ನ, ಆದರೆ ಅದರಲ್ಲಿ ಪೊಟ್ಯಾಶಿಯಂ ಹೆಚ್ಚು, ಬೆವರಿನಲ್ಲಿ ಹೋಗುವ ಉಪ್ಪಿನಂಶ ಕಡಿಮೆ. ಓಟದ ನಡುವೆ ಓಆರ್‌ಎಸ್ಸಿನ ಬದಲಿಗೆ ಅದು ನಿಲ್ಲದು. ಬಾಳೆಹಣ್ಣು, ಖರ್ಜೂರ, ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ, ವ್ಯಾಸಲಿನ್, ಟವೆಲ್, ಒಣ ಟೀ ಶರ್ಟ್, ಚಪ್ಪಲಿ.

ಒಂದು ತೂಕದ ಯಂತ್ರವನ್ನೂ ತನ್ನಿ. ಓಟಕ್ಕೆ ಮೊದಲು, ನಂತರ ಇಬ್ಬರು ಸಹಾಯಕರು ನಾಲ್ವರನ್ನೂ ತೂಗಿ ಬರೆದಿಡಲಿ. ಒಂದು ಕಿಲೋ ಇಳಿದರೆ ಕುಡಿದದ್ದಕ್ಕಿಂತ ಒಂದು ಲೀಟರ್ ಹೆಚ್ಚು ಬೆವರು ಹೋಗಿದೆ. 60 ಕಿಲೋ ತೂಕದವರಿಗೆ ಅಷ್ಟು ಇಳಿಕೆ ಗಾಬರಿಯ ವಿಷಯವಲ್ಲ. ತೂಕ ಏರಿದ್ದರೆ ಮಾತ್ರ ಎಚ್ಚರ! ನೀರು ಅತಿಯಾಗಿದೆ, ರಕ್ತದ ಸೋಡಿಯಂ ತೆಳುವಾಗುತ್ತಿದೆ. ಐದು ಗಂಟೆ ಓಡುವವರು ಸಿಕ್ಕ ಸಿಕ್ಕ ಕಡೆಯೆಲ್ಲ ಎರಡೆರಡು ಲೋಟ ಕುಡಿದಾಗ ಆಗುವುದು ಇದೇ. ತಲೆನೋವು, ವಾಂತಿ, ಊದಿದ ಬೆರಳು, ಕೊನೆಗೆ ತೊದಲು. ನಿತ್ರಾಣದಂತೆಯೇ ಕಾಣುವುದರಿಂದ ಪಕ್ಕದವರು ಮತ್ತಷ್ಟು ನೀರು ಕುಡಿಸುತ್ತಾರೆ. ನಿಮ್ಮಲ್ಲಿ ನಿಧಾನವಾಗಿ ಓಡುವ ಅತ್ತಿಗೆ, ರಾಯರಿಗೇ ಇದರ ಅಪಾಯ ಹೆಚ್ಚು.

ಆಹಾರಕ್ಕೂ ಹೀಗೇ ಲೆಕ್ಕ ಬೇಕು. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಹೊಟ್ಟೆಗೆ ಹೋಗಬೇಕು. ಒಂದು ಜೆಲ್‌ನಲ್ಲಿ (ಓಡುತ್ತಲೇ ನುಂಗುವ ಸಿಹಿ ಪಾಕದ ಪೊಟ್ಟಣ) ಸಾಮಾನ್ಯವಾಗಿ 20ರಿಂದ 25 ಗ್ರಾಂ, ಒಂದು ದೊಡ್ಡ ಬಾಳೆಹಣ್ಣಿನಲ್ಲೂ ಹೆಚ್ಚುಕಡಿಮೆ ಅಷ್ಟೇ. 40 ನಿಮಿಷಕ್ಕೊಂದು ಜೆಲ್, ಸಾದಾ ನೀರಿನ ಜೊತೆ. ಸಿಹಿ ಪಾನೀಯದ ಜೊತೆ ನುಂಗಿದರೆ ಹೊಟ್ಟೆ ತೊಳಸುತ್ತದೆ. ಓಟದ ದಿನ ತಿನ್ನುವುದನ್ನೆಲ್ಲ ಕನಿಷ್ಠ ನಾಲ್ಕು ಲಾಂಗ್ ರನ್ನಿನಲ್ಲಿ ತಿಂದು ನೋಡಿರಬೇಕು. ಹಿಂದಿನ ರಾತ್ರಿ ಅನ್ನ, ತಿಳಿಸಾರು, ಮೊಸರು ಸಾಕು, ಹುರುಳಿಕಾಳು ಉಸಲಿ ಬೇಡ. ಓಟಕ್ಕೆ ಎರಡು ಗಂಟೆ ಮೊದಲು ಎರಡು ಮೂರು ಇಡ್ಲಿ.

ಗುಂಪುಗಳಲ್ಲಿ ನಡೆಯುವ ಅತ್ಯಂತ ಅಪಾಯದ ಉಪಕಾರ ಒಂದಿದೆ. 'ಮಂಡಿ ನೋವಾ? ತಗೋ, ಈ ಮಾತ್ರೆ ನುಂಗಿಬಿಡು.' ದಯವಿಟ್ಟು ಬೇಡ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದವು ನೀರಿನಂಶ ಕಡಿಮೆಯಾದ ದೇಹದಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ, ಸೋಡಿಯಂ ಇಳಿಯುವುದಕ್ಕೂ ದಾರಿ ಮಾಡುತ್ತವೆ. ಡಿಕ್ಕಿಯಲ್ಲಿ ಅವು ಇರಲೇಬಾರದು.

ಓಟದ ದಿನ. ನಾಲ್ವರ ಗುರಿ 4 ಗಂಟೆ, ನಾಲ್ಕೂವರೆ, ಐದು, ಐದೂವರೆ ಎಂದುಕೊಳ್ಳೋಣ. ಸಹಾಯಕರು ಆರಂಭದ ಗೆರೆಯ ಬಳಿಯಾಗಲಿ ಹತ್ತನೇ ಕಿಲೋಮೀಟರಿನಲ್ಲಾಗಲಿ ನಿಲ್ಲುವುದರಿಂದ ಉಪಯೋಗ ಕಡಿಮೆ. ಅಲ್ಲಿ ಎಲ್ಲರೂ ಖುಷಿಯಾಗಿಯೇ ಇರುತ್ತಾರೆ. ಒಬ್ಬರು 30ರ ಬಳಿ, ಇನ್ನೊಬ್ಬರು 36ರ ಬಳಿ ನಿಲ್ಲಲಿ. 5ಕ್ಕೆ ಓಟ ಶುರುವಾದರೆ ನಾಲ್ಕೂವರೆ ಗಂಟೆಯವರು (ಕಿಲೋಮೀಟರಿಗೆ 6 ನಿಮಿಷ 24 ಸೆಕೆಂಡ್) 30ಕ್ಕೆ ಬರುವುದು 8:12ಕ್ಕೆ, 36ಕ್ಕೆ 8:50ಕ್ಕೆ. ಐದು ಗಂಟೆಯವರು 8:33, 9:16. ಐದೂವರೆಯವರು 8:55, 9:42. ಆರಂಭದ ಗೆರೆ ದಾಟಲು ಗುಂಪಿನಲ್ಲಿ ಕೆಲವು ನಿಮಿಷ ಹಿಡಿಯುತ್ತದೆ, ಅದನ್ನು ಸೇರಿಸಿಕೊಳ್ಳಿ. ಬಂದಿಲ್ಲ ಎಂದು ಹತ್ತು ನಿಮಿಷಕ್ಕೇ ಫೋನ್ ಮಾಡತೊಡಗಬೇಡಿ, ಅರ್ಧ ಗಂಟೆ ಮೀರಿದರೆ ವೈದ್ಯಕೀಯ ತಂಡಕ್ಕೆ ಬಿಬ್ (ಓಟಗಾರರು ಎದೆಗೆ ಹಾಕಿಕೊಳ್ಳುವ ಸಂಖ್ಯೆಯ ಚೀಟಿ) ನಂಬರ್ ಕೊಟ್ಟು ವಿಚಾರಿಸಿ. ಬಿಬ್‌ನ ಹಿಂಬದಿಯಲ್ಲಿ ರಕ್ತದ ಗುಂಪು, ಸಹಾಯಕರ ಫೋನ್ ನಂಬರ್ ಬರೆದಿರಬೇಕು. ಈ ಕಾರಣಕ್ಕೇ ಒಬ್ಬರ ಬಿಬ್ ಇನ್ನೊಬ್ಬರು ಹಾಕಿಕೊಂಡು ಓಡಬಾರದು.

ನಿಂತವರು ಏನು ಹೇಳಬೇಕು? 'ಇನ್ನೇನು ಬಂದೇಬಿಡ್ತು' ಎನ್ನಬೇಡಿ. 36ರಲ್ಲಿ ಆರು ಕಿಲೋಮೀಟರ್ ಬಾಕಿಯಿದೆ, ಅವರಿಗದು ಮುಕ್ಕಾಲು ಗಂಟೆ. ಹೆಸರು ಹಿಡಿದು ಕೂಗಿ, ಉಳಿದ ದೂರವನ್ನು ಸರಿಯಾಗಿ ಹೇಳಿ. ಆಮೇಲೆ ಒಂದು ಪ್ರಶ್ನೆ ಕೇಳಿ. 'ಹುಷಾರಾಗಿದ್ದೀರಾ?' ಎಂದರೆ ಎಚ್ಚರ ತಪ್ಪುತ್ತಿರುವವರೂ ತಲೆಯಾಡಿಸುತ್ತಾರೆ. 'ಕೊನೇ ಜೆಲ್ ಎಲ್ಲಿ ತಗೊಂಡ್ರಿ?' ಎಂದು ಕೇಳಿ. ಉತ್ತರ ತಡಬಡಿಸಿದರೆ, ಅಸಂಬದ್ಧವಾದರೆ, ಹೆಜ್ಜೆ ಓಲಾಡುತ್ತಿದ್ದರೆ ಅಲ್ಲೇ ನಿಲ್ಲಿಸಿ ವೈದ್ಯಕೀಯ ಸಿಬ್ಬಂದಿಯನ್ನು ಕರೆಯಿರಿ. ಬೆವರುತ್ತಿದ್ದಾರಲ್ಲ ಎಂದು ಸಮಾಧಾನಪಡಬೇಡಿ, ಓಟಗಾರರಿಗೆ ಬೆವರುತ್ತಿರುವಾಗಲೇ ಶಾಖಾಘಾತವಾಗುತ್ತದೆ. ನೆರಳಿಗೆ ಎಳೆದು, ಐಸ್ ನೀರನ್ನು ಕತ್ತು, ಕಂಕುಳು, ತೊಡೆಸಂದಿಗೆ ಸುರಿಯುತ್ತಲೇ ಇರಬೇಕು. ಕುಸಿದು ಬಿದ್ದವರು ಅಲುಗದೆ, ಸರಿಯಾಗಿ ಉಸಿರಾಡದೆ ಇದ್ದರೆ 108 ಅಥವಾ 112ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಆಳಕ್ಕೆ ಒತ್ತಲು ಶುರುಮಾಡಿ. ಆರೂ ಜನ ಒಂದು ಮಧ್ಯಾಹ್ನ ಕೂತು ಹೀಗೆ ಎದೆ ಒತ್ತುವ ಸಿಪಿಆರ್ ಕಲಿತುಬಿಡಿ.

ಸಹಾಯಕರು ಬಿಬ್ ಇಲ್ಲದೆ ಓಟದೊಳಗೆ ಇಳಿದು ಜೊತೆಗೆ ಓಡುವಂತಿಲ್ಲ. ಅದು ನಿಯಮಕ್ಕೆ ವಿರುದ್ಧ, ಕಷ್ಟಪಟ್ಟು ಓಡಿದವರೇ ಅನರ್ಹರಾಗಬಹುದು.

ಇನ್ನು ಓಡುವ ನಾಲ್ವರ ಒಪ್ಪಂದ. ಮೊದಲ ಐದು ಕಿಲೋಮೀಟರಿನಲ್ಲಿ ಜೊತೆಗಾರರ ಕೆಲಸ ಒಂದೇ, ವೇಗ ತಡೆಯುವುದು. ಫ್ಲೈಓವರ್ ಕೆಳಗೆ, ಮರಗಳ ನಡುವೆ ಜಿಪಿಎಸ್ ವಾಚು ತಪ್ಪು ತೋರಿಸುತ್ತದೆ. ಹಾಗಾಗಿ ಕಿಲೋಮೀಟರ್ ಫಲಕ ನೋಡಿ ಕಳೆದ ಸಮಯ ಹೊಂದಿಸಿಕೊಳ್ಳಿ. ನಾಲ್ಕೂವರೆ ಗಂಟೆಗೆ 10ರಲ್ಲಿ 1:04, 21.1ರಲ್ಲಿ 2:15, 30ರಲ್ಲಿ 3:12, 40ರಲ್ಲಿ 4:16. ಇದನ್ನು ಮಣಿಕಟ್ಟಿನ ಪಟ್ಟಿಯ ಮೇಲೆ ಬರೆದುಕೊಳ್ಳಿ. ಗುರಿ ಒಂದೇ ಇರುವ ಇಬ್ಬರಿದ್ದರೆ 30ರವರೆಗೆ ಜೊತೆಗಿರಿ. ಅಲ್ಲಿಂದ ಮುಂದೆ ಯಾರೂ ಯಾರಿಗೂ ಕಾಯಬೇಕಿಲ್ಲ, ಯಾರೂ ಕ್ಷಮೆ ಕೇಳಬೇಕಿಲ್ಲ. ಮೀನಖಂಡ ಹಿಡಿದು ನಡೆಯುತ್ತಿರುವವರ ಪಕ್ಕದಲ್ಲಿ ನೀವು ನಿಂತರೆ, ನಿಮ್ಮನ್ನು ತಡೆಹಿಡಿದೆವಲ್ಲ ಎಂಬ ಸಂಕೋಚಕ್ಕೆ ಅವರು ಹಿಡಿದ ಕಾಲಿನಲ್ಲೇ ಮತ್ತೆ ಓಡತೊಡಗುತ್ತಾರೆ. ಆಗ ಹಿಡಿತ ಸೆಳೆತವಾಗಿ ಸ್ನಾಯು ಹರಿಯಬಹುದು. ಬಿಟ್ಟು ಹೋಗುವುದೇ ಅವರಿಗೆ ಮಾಡುವ ಸಹಾಯ. ಆದರೆ ಎದೆನೋವು, ಗೊಂದಲದ ಮಾತು, ನೇರವಾಗಿ ನಡೆಯಲಾಗದಿರುವುದು, ಈ ಮೂರರಲ್ಲಿ ಒಂದಿದ್ದರೂ ನಿಮ್ಮ ಓಟ ಅಲ್ಲಿಗೆ ಮುಗಿಯಿತು. ಸಿಬ್ಬಂದಿಯ ಕೈಗೆ ಒಪ್ಪಿಸುವವರೆಗೆ ಜಾಗ ಬಿಟ್ಟು ಕದಲಬೇಡಿ.

ಮುಕ್ತಾಯದ ಗೆರೆ ದಾಟಿದ ಕೂಡಲೇ ಯಾರೂ ನಿಲ್ಲಬಾರದು. ಓಡುತ್ತಿದ್ದ ಕಾಲು ತಟ್ಟನೆ ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆ ಸುತ್ತುತ್ತದೆ. ಹತ್ತು ನಿಮಿಷ ನಡೆಸಿ. ಬಿದ್ದರೆ ಮಲಗಿಸಿ ಕಾಲು ಎತ್ತಿ ಹಿಡಿಯಿರಿ. ಒದ್ದೆ ಬಟ್ಟೆ ಬದಲಿಸಿ. ಮೂತ್ರ ಕೋಲಾ ಬಣ್ಣದಲ್ಲಿ ಹೋದರೆ ಅಂದೇ ಆಸ್ಪತ್ರೆಗೆ. ವಾಪಸು ಕಾರು ಓಡಿಸುವುದು ಸಹಾಯಕರ ಕೆಲಸ. ಅಲ್ಲಿ ಫೋನ್ ಸಿಗದೆ ಹೋಗಬಹುದು, ಆದ್ದರಿಂದ ಸೇರುವ ಗೇಟು ಯಾವುದು ಎಂದು ಹಿಂದಿನ ದಿನವೇ ಹೋಗಿ ನೋಡಿಟ್ಟುಕೊಳ್ಳಿ. ಗೆಳೆಯ ಮೊದಲು ಮುಗಿಸುತ್ತಾನಲ್ಲ, ಬಟ್ಟೆ ಬದಲಿಸಿ, ಏನಾದರೂ ತಿಂದು, ಅತ್ತಿಗೆಯವರ ಮತ್ತು ರಾಯರ ಚಪ್ಪಲಿ ಹಿಡಿದುಕೊಂಡು ಆ ಗೇಟಿನ ಬಳಿಯೇ ಇರಲಿ. ಹಿಂದೆ ಉಳಿದವರನ್ನು ಕರೆತರುವ ಬಸ್ಸು ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಕೇಳಿಟ್ಟುಕೊಂಡಿರಲಿ.

ಈ ವರ್ಷದ ಮಾರ್ಗನಕ್ಷೆ ಕೈಗೆ ಬಂದ ಮೇಲೆ 30 ಮತ್ತು 36 ಎಲ್ಲೆಲ್ಲಿ ಬೀಳುತ್ತವೆ ಎಂದು ಗುರುತು ಹಾಕಿ ಕಳಿಸಿ. ಸಹಾಯಕರು ರಸ್ತೆ ದಾಟದೆ ಎರಡನ್ನೂ ತಲುಪುವ ದಾರಿ ಹುಡುಕಿ ಬರೆಯುತ್ತೇವೆ.

— ಸಂ.