ಮಗಳು ಮನೇಲೇ ಕೂತು ಡಿಗ್ರಿ ಮಾಡ್ಬೋದಾ?

ಪ್ರಶ್ನೆ: ಮಗಳದ್ದು ಸೆಕೆಂಡ್ ಪಿಯುಸಿ ಆಯ್ತು, ಬೆಂಗಳೂರಿನ ಕ್ರಿಶ್ಚಿಯನ್ ಯೂನಿವರ್ಸಿಟಿಲೇ ಬಿಕಾಂ ಮಾಡ್ತೀನಿ ಅಂತ ಹಠ. ಹಾಸ್ಟೆಲ್ ಖರ್ಚು ಕೇಳಿ ತಲೆ ತಿರುಗ್ತು. ಅಂಥ ಕಡೆಯೇ ಆನ್‌ಲೈನ್‌ನಲ್ಲಿ ಸೇರಿಸಿದ್ರೆ ಮನೇಲಿರ್ತಾಳೆ, ತೋಟಕ್ಕೂ ಒಂದು ಕೈ ಆಗುತ್ತೆ ಅಂತಾರೆ ನಮ್ಮನೆಯವರು. ಆ ಡಿಗ್ರಿಗೆ ಬೆಲೆ ಇದ್ಯಾ? ನಾವು ಕ್ರಿಶ್ಚಿಯನ್ ಅಲ್ಲ, ಪ್ರಾರ್ಥನೆಗೆಲ್ಲ ಕೂರಿಸ್ತಾರಾ?
— ಓದುಗರೊಬ್ಬರು, ಸುಂಟಿಕೊಪ್ಪ

ಉತ್ತರ: ಬೆಲೆ ಇದೆ ಅಮ್ಮ. ಮಾನ್ಯತೆ ಇರೋ ಆನ್‌ಲೈನ್ ಡಿಗ್ರಿ, ಕಾಲೇಜಿಗೆ ಹೋಗಿ ಮಾಡಿದ ಡಿಗ್ರಿ ಎರಡೂ ಸಮ ಅಂತ ಯೂನಿವರ್ಸಿಟಿಗಳನ್ನ ನೋಡ್ಕೊಳ್ಳೋ ಕೇಂದ್ರ ಸಂಸ್ಥೆ ಯುಜಿಸಿ 2022ರಲ್ಲೇ ಹೇಳಿದೆ. ಆದ್ರೆ ಯೂನಿವರ್ಸಿಟಿಗೆ ದೊಡ್ಡ ಹೆಸರಿದೆ ಅಂದ ಮಾತ್ರಕ್ಕೆ ಅದರ ಆನ್‌ಲೈನ್ ಕೋರ್ಸಿಗೂ ಪರ್ಮಿಷನ್ ಇದೆ ಅಂತಲ್ಲ, ದುಡ್ಡು ಕಟ್ಟೋ ಮುಂಚೆ ಯುಜಿಸಿಯ ಡಿಇಬಿ (ದೂರಶಿಕ್ಷಣ, ಆನ್‌ಲೈನ್ ಕೋರ್ಸು ನೋಡ್ಕೊಳ್ಳೋ ವಿಭಾಗ) ವೆಬ್‌ಸೈಟಲ್ಲಿ ಆ ಯೂನಿವರ್ಸಿಟಿ, ಆ ಕೋರ್ಸು ಈ ವರ್ಷದ ಪಟ್ಟಿಲಿ ಇದ್ಯಾ ನೋಡ್ಕೊಳ್ಳಿ. ಬಿಕಾಂ ಸರಿ; ನರ್ಸಿಂಗ್, ಲಾ ಆನ್‌ಲೈನ್‌ನಲ್ಲಿ ಕೊಡೋ ಹಾಗೇ ಇಲ್ಲ, ಯಾರಾದ್ರೂ ಕೊಡ್ತೀವಿ ಅಂದ್ರೆ ಫೋನ್ ಇಟ್ಬಿಡಿ.

ಪ್ರಾರ್ಥನೆ ಬಗ್ಗೆ ಹೆದರಬೇಡಿ. ಸರ್ಕಾರದ ಮಾನ್ಯತೆ ಇರೋ ಕಡೆ ಒಪ್ಪಿಗೆ ಇಲ್ದೆ ಯಾರನ್ನೂ ಧಾರ್ಮಿಕ ಪಾಠಕ್ಕೋ ಪೂಜೆಗೋ ಕೂರಿಸೋ ಹಾಗಿಲ್ಲ ಅಂತ ಸಂವಿಧಾನದ 28(3)ನೇ ವಿಧಿಲೇ ಇದೆ.

ನಂಗೆ ಚುಚ್ಚಿದ್ದು 'ತೋಟಕ್ಕೆ ಒಂದು ಕೈ' ಅನ್ನೋ ಮಾತು. ಡಿಸೆಂಬರ್ ಬಂತು ಅಂದ್ರೆ ಕಾಫಿ ಕುಯ್ಲು, ಆಳುಗಳ ಲೆಕ್ಕ, ಕಣದಲ್ಲಿ ಒಣಗಿಸೋದು, ಅವಳು ಲ್ಯಾಪ್‌ಟಾಪ್ ಮುಂದೆ ಕೂತಿದ್ರೆ ಮನೇಲಿ ಯಾರಿಗೂ ಅದು ಕ್ಲಾಸ್ ಅಂತ ಅನ್ಸಲ್ಲ, ಸುಮ್ನೆ ಕೂತಿದ್ದಾಳೆ ಅಂತ್ಲೇ ಕರೀತೀರ. ಬೆಂಗಳೂರಿನ ಕ್ರೈಸ್ಟ್ ಯೂನಿವರ್ಸಿಟಿಲಿ 85 ಪರ್ಸೆಂಟ್ ಅಟೆಂಡೆನ್ಸ್ ಕೇಳ್ತಾರೆ, ಮಕ್ಕಳು ಬೈಕೊಂಡೇ ಹೋಗ್ತಾರೆ, ಆದ್ರೆ ಹೋಗ್ತಾರೆ. 1882ರಲ್ಲಿ ಶುರುವಾದ ಸೇಂಟ್ ಜೋಸೆಫ್ಸ್ ಆಗ್ಲಿ ಇನ್ನೊಂದಾಗ್ಲಿ, ಹೆಸರು ಬಂದಿದ್ದು ಆ ಶಿಸ್ತಿಂದ, ಲೈಬ್ರರಿಯಿಂದ, ಸಂಜೆ ನಾಟಕ ಡಿಬೇಟು ಅಂತ ಓಡಾಡೋದ್ರಿಂದ. ಆನ್‌ಲೈನ್‌ನಲ್ಲಿ ಪಾಠ ಬರುತ್ತೆ, ಇದ್ಯಾವ್ದೂ ಬರಲ್ಲ. ಕೆಲಸದಲ್ಲಿರೋರಿಗೆ ಅದು ಸಾಕು, ಹದಿನೆಂಟರ ಹುಡುಗಿಗೆ ಸಾಲದು ಅಂತ ನನ್ನ ಅಭಿಪ್ರಾಯ.

ಬೆಂಗಳೂರು ದುಬಾರಿ ಆದ್ರೆ ವಿರಾಜಪೇಟೆಯ ಸೇಂಟ್ ಆನ್ಸ್ ಡಿಗ್ರಿ ಕಾಲೇಜಲ್ಲೂ ಒಮ್ಮೆ ವಿಚಾರಿಸಿ, ಯೂನಿವರ್ಸಿಟಿ ಅಲ್ಲ ನಿಜ, ಆದ್ರೆ ಕ್ಲಾಸ್‌ರೂಮ್ ಇದೆ, ಫ್ರೆಂಡ್ಸ್ ಸಿಗ್ತಾರೆ.

ಇಲ್ಲ ಆನ್‌ಲೈನೇ ಅಂದ್ರೆ ಮೊದ್ಲು ಜೋರು ಮಳೆ ಇರೋ ಒಂದು ವಾರ ಕೇಂದ್ರ ಸರ್ಕಾರದ 'ಸ್ವಯಂ' ಆನ್‌ಲೈನ್ ಪೋರ್ಟಲ್‌ನ ಫ್ರೀ ಕೋರ್ಸ್ ಒಂದಕ್ಕೆ ಕೂರಿಸಿ, ದಿನಾ ಎರಡು ಗಂಟೆ. ಕರೆಂಟು, ನೆಟ್‌ವರ್ಕ್ ಎಷ್ಟು ಹೊತ್ತು ನಿಲ್ಲುತ್ತೆ ನೋಡಿ. ಅವಳನ್ನ ಎಷ್ಟು ಸಲ ಕರೆದ್ರಿ ಅನ್ನೋದನ್ನೂ ಎಣಿಸಿ.